ಹೊಟ್ಟೆಪಾಡು ಮತ್ತು ನಂಬಿಕೆ: ಯೆಹೂದ್ಯರ ಮುಗಿಯದ ವಾದ

ಇಸ್ರೇಲಿನ ಬ್ಯಾಂಕುಗಳಲ್ಲಿ ಗೋಡೆಗೆ ತೂಗುಹಾಕಿದ ಒಂದು ಕಾಗದ ಕಣ್ಣಿಗೆ ಬೀಳುತ್ತದೆ. ಅದರ ಹೆಸರು ಹೆತೆರ್ ಇಸ್ಕಾ. ಬ್ಯಾಂಕು ಕೊಡುತ್ತಿರುವುದು ಸಾಲವಲ್ಲ, ಗಿರಾಕಿಯ ವ್ಯವಹಾರದಲ್ಲಿ ತೊಡಗಿಸಿದ ಬಂಡವಾಳ. ತೆಗೆದುಕೊಳ್ಳುತ್ತಿರುವುದು ಬಡ್ಡಿಯಲ್ಲ, ಲಾಭದ ಪಾಲು ಎಂಬುದು ಅದರ ಸಾರ. ಮನೆ ಕಟ್ಟಲು ಹಣಕ್ಕೆ ಬಂದವರು ಬಹುಮಟ್ಟಿಗೆ ಅದನ್ನು ಓದುವುದೂ ಇಲ್ಲ. ಹೊರಗಿನವರಿಗೆ ಇದು ಬರೀ ಕಣ್ಕಟ್ಟು ಎನಿಸಿದರೆ ತಪ್ಪಿಲ್ಲ. ನನಗೆ ಮಾತ್ರ ಅದರೊಳಗಿನ ಹಟ ಕುತೂಹಲ ಹುಟ್ಟಿಸುತ್ತದೆ. ಯೆಹೂದ್ಯ ಇನ್ನೊಬ್ಬ ಯೆಹೂದ್ಯನಿಂದ ಬಡ್ಡಿ ತೆಗೆದುಕೊಳ್ಳಬಾರದೆಂಬ, ಧರ್ಮಗ್ರಂಥ ತೋರಾದ ನಿಯಮವನ್ನು ಕೈಬಿಡಲು ಇವರು ಒಪ್ಪಲಿಲ್ಲ, ವ್ಯಾಪಾರ ಬಿಡಲೂ ಒಪ್ಪಲಿಲ್ಲ. ಎರಡನ್ನೂ ಹಿಡಿದುಕೊಂಡೇ ದಾರಿ ಹುಡುಕಿದರು. ಚಿನ್ನದ ಕರುವಿನ ಪ್ರಸಂಗ ಬಿಟ್ಟರೆ ಈ ಪರಂಪರೆ ಹಣವನ್ನು ಪೂಜಿಸಲಿಲ್ಲ. ಹೊಲಸೆಂದು ದೂರ ಇಟ್ಟವರೂ ಅದರಲ್ಲಿ ವಿರಳ. ಹಣವನ್ನು ಧರ್ಮದ ಒಳಗೇ ಕೂರಿಸಿಕೊಂಡು ಅದರೊಂದಿಗೆ ಜಗಳವಾಡುತ್ತ ಬಂದದ್ದೇ ಇದರ ಚರಿತ್ರೆ.

ಆರಂಭದ ನಿಯಮಗಳೆಲ್ಲ ಹೊಲದವು. ಕೊಯ್ಲಿನಲ್ಲಿ ಹೊಲದ ಮೂಲೆಯನ್ನು ಬಡವರಿಗೆ ಬಿಡಬೇಕು. ಕೈಜಾರಿದ ತೆನೆಯನ್ನು ಎತ್ತಿಕೊಳ್ಳಬಾರದು, ಮರೆತ ಕಟ್ಟಿಗೆ ಮರಳಿ ಹೋಗಬಾರದು. ಏಳನೆಯ ವರ್ಷ ಭೂಮಿಗೆ ಬಿಡುವು, ಅದೇ ವರ್ಷ ಸಾಲಗಳೂ ಮನ್ನಾ. ಇದರ ಜೊತೆಗೆ ಮರುಭೂಮಿಯಲ್ಲಿ ಉದುರಿದ ‘ಮನ್ನ’ ಎಂಬ ಆಹಾರದ ಕತೆಯಿದೆ. ಹೆಚ್ಚು ಬಾಚಿದವನಿಗೂ ಕಡಿಮೆ ಆಯ್ದವನಿಗೂ ಅಳೆದಾಗ ಸಿಕ್ಕಿದ್ದು ತಲೆಗೊಂದು ಓಮೆರ್ ಅಳತೆ ಮಾತ್ರ; ನಾಳೆಗೆಂದು ಕೂಡಿಟ್ಟದ್ದು ಹುಳ ಹಿಡಿಯಿತು. ಜೀವನೋಪಾಯದ ಚಿಂತೆಯಿರುವವರು ಈ ಅಧ್ಯಾಯವನ್ನು ಇಂದಿಗೂ ಪಠಿಸುತ್ತಾರೆ.

ನಿಯಮವೇ ಬಡವನಿಗೆ ಮುಳುವಾದ ಸಂದರ್ಭವೂ ಬಂತು. ಏಳನೆಯ ವರ್ಷ ಹತ್ತಿರವಾದಂತೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು. ಹೇಗೂ ಮನ್ನಾ ಆಗುವ ಹಣ ಯಾರು ಕೊಟ್ಟಾರು? ಆಗ ಪಂಡಿತ ಹಿಲ್ಲೆಲ್ ಪ್ರೊಜ್ಬುಲ್ ಎಂಬ ಪತ್ರವನ್ನು ಬಳಕೆಗೆ ತಂದ. ಸಾಲದ ವಸೂಲಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿದರೆ ಮನ್ನಾದ ನಿಯಮ ಅದಕ್ಕೆ ತಟ್ಟುವುದಿಲ್ಲ. ಬ್ಯಾಂಕಿನ ಗೋಡೆಯ ಕಾಗದಕ್ಕೆ ಇವನೇ ಮುತ್ತಜ್ಜ ಎನ್ನಬಹುದು.

ಪಂಡಿತರ ವಾದಗಳ ಸಂಗ್ರಹವಾದ ತಾಲ್ಮುದ್‌ನ ಕಾಲಕ್ಕೆ ಬಂದರೆ ವಾದ ಬಿಸಿಯೇರುತ್ತದೆ. ಸತ್ತ ಮೇಲೆ ಮನುಷ್ಯನಿಗೆ ಹಾಕುವ ಮೊದಲ ಪ್ರಶ್ನೆ, ವ್ಯಾಪಾರದಲ್ಲಿ ಪ್ರಾಮಾಣಿಕನಾಗಿದ್ದೆಯಾ ಎಂಬುದು ಎನ್ನುತ್ತಾನೆ ಪಂಡಿತ ರಾವಾ. ಅಧ್ಯಯನದ ಪ್ರಶ್ನೆಯೂ ಆಮೇಲೆಯೇ. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಗೆ ಹೋಗಿ ಬೆಲೆ ಕೇಳುವುದೂ ಅನ್ಯಾಯವೆಂದು ಮಿಶ್ನಾ ಹೇಳುತ್ತದೆ. ಮಾರುವವನಿಗೆ ಸುಮ್ಮನೆ ಆಸೆ ಹುಟ್ಟಿಸಿದಂತಾಗುತ್ತದಲ್ಲ. ನಡೆಯುವ ಬೆಲೆಗಿಂತ ಆರನೇ ಒಂದರಷ್ಟು ಹೆಚ್ಚು ಕಿತ್ತರೆ ಆ ವ್ಯತ್ಯಾಸವನ್ನು ಹಿಂದಿರುಗಿಸಬೇಕು, ಅದನ್ನೂ ಮೀರಿದರೆ ವ್ಯಾಪಾರವೇ ರದ್ದು. ಅಧ್ಯಾತ್ಮವನ್ನು ಇಷ್ಟು ಚಿಲ್ಲರೆ ಜಾಗಗಳಲ್ಲಿ ಹುಡುಕಿದ್ದು ನನಗೆ ಈ ಪರಂಪರೆಯ ಅತ್ಯಂತ ಇಷ್ಟದ ಸಂಗತಿ.

ದೊಡ್ಡ ವಾದ ಇಬ್ಬರ ನಡುವಿನದು. ಎಲ್ಲರೂ ಮಾಡುವಂತೆ ಉಳು, ಬಿತ್ತು, ಜೊತೆಗೆ ತೋರಾ ಓದು ಎಂದ ರಬ್ಬಿ ಇಷ್ಮಾಯೆಲ್. ಉಳುವ ಕಾಲಕ್ಕೆ ಉಳುತ್ತ, ಕೊಯ್ಯುವ ಕಾಲಕ್ಕೆ ಕೊಯ್ಯುತ್ತ ಕೂತರೆ ತೋರಾದ ಗತಿಯೇನು, ದೇವರ ಕೆಲಸ ಮಾಡುವವನ ಹೊಲವನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎಂದ ರಬ್ಬಿ ಶಿಮೋನ್ ಬಾರ್ ಯೋಹಾಯ್. ತೀರ್ಪು ಕೊಟ್ಟದ್ದು ಎಷ್ಟೋ ತಲೆಮಾರುಗಳ ನಂತರದ ಅಬಾಯೆ, ಅದೂ ಸಿದ್ಧಾಂತದ ಮೇಲಲ್ಲ: ಇಷ್ಮಾಯೆಲನಂತೆ ಬಾಳಿದ ಅನೇಕರಿಗೆ ದಕ್ಕಿತು, ಶಿಮೋನನಂತೆ ಬಾಳಲು ಹೋದ ಅನೇಕರಿಗೆ ದಕ್ಕಲಿಲ್ಲ. ರಾವಾ ತನ್ನ ಶಿಷ್ಯರಿಗೆ ಬೇಸಾಯದ ಕೆಲಸ ಜೋರಾಗಿರುವ ಎರಡು ತಿಂಗಳು ಕಣ್ಣಿಗೂ ಬೀಳಬೇಡಿ ಎಂದು ತಾಕೀತು ಮಾಡಿದ. ವರ್ಷವಿಡೀ ಅನ್ನದ ಚಿಂತೆ ಇರಬಾರದು ಎಂಬುದಕ್ಕೆ.

ಶಿಮೋನ್ ಸುಮ್ಮನೆ ಮಾತಾಡಿದವನಲ್ಲ. ರೋಮನ್ನರಿಗೆ ಹೆದರಿ ಮಗನೊಂದಿಗೆ ಗುಹೆ ಸೇರಿದ. ಕರೋಬ್ ಮರದ ಕಾಯಿ ತಿಂದು, ನೀರು ಕುಡಿದು 12 ವರ್ಷ ಓದಿದರು. ಹೊರಬಂದು ಉಳುತ್ತಿದ್ದವರನ್ನು ಕಂಡು ಸಿಟ್ಟಾದಾಗ ಅವರ ನೋಟ ಬಿದ್ದಲ್ಲೆಲ್ಲ ಬೆಂಕಿ ಹತ್ತಿತು. ನನ್ನ ಲೋಕವನ್ನು ಸುಡಲು ಬಂದಿರಾ ಎಂದು ಗದರಿ ದೇವವಾಣಿ ಅವರನ್ನು ಇನ್ನೊಂದು ವರ್ಷ ಗುಹೆಗೇ ಅಟ್ಟಿತು. ಕತೆಯ ಆರಂಭದ ಒಂದು ವಿವರ ಸುಲಭವಾಗಿ ಕಣ್ತಪ್ಪುತ್ತದೆ. ಗುಹೆಗೆ ಮುಂಚೆ ಇಬ್ಬರೂ ಅಡಗಿದ್ದು ಅಧ್ಯಯನ ಮಂದಿರದಲ್ಲಿ. ಅಲ್ಲಿಗೆ ದಿನವೂ ರೊಟ್ಟಿ, ನೀರಿನ ಹೂಜಿ ಹೊತ್ತು ತರುತ್ತಿದ್ದವಳು ಶಿಮೋನನ ಹೆಂಡತಿ.

ಆ ಕಾಲದ ಪಂಡಿತರಲ್ಲಿ ಕಸುಬುದಾರರು ಬಹಳ. ಯೋಹಾನಾನ್ ಚಪ್ಪಲಿ ಹೊಲಿಯುತ್ತಿದ್ದ. ಯೆಹೋಶುವಾನ ಮನೆಗೆ ಸಮುದಾಯದ ಮುಖಂಡ ಗಮ್ಲಿಯೇಲ್ ಒಮ್ಮೆ ಕ್ಷಮೆ ಕೇಳಲು ಹೋದ. ಗೋಡೆಗಳು ಮಸಿ ಹಿಡಿದಿದ್ದವು. ನೀನು ಇದ್ದಿಲು ಸುಡುವವನೆಂದು ಗೋಡೆ ನೋಡಿದರೇ ತಿಳಿಯುತ್ತದೆ ಎಂದ. ಯೆಹೋಶುವಾ ಸಿಡಿದುಬಿದ್ದ: ಪಂಡಿತರು ಹೊಟ್ಟೆಗೆ ಏನು ಮಾಡುತ್ತಾರೆಂದು ಗೊತ್ತಿಲ್ಲದ ನಾಯಕನನ್ನು ಪಡೆದ ಈ ತಲೆಮಾರಿನ ಗತಿಯೇನು! ಗಮ್ಲಿಯೇಲ್ ಶ್ರೀಮಂತ. ಬಡತನದ ಬಗ್ಗೆ ತಾಲ್ಮುದ್‌ನಲ್ಲಿ ಇದಕ್ಕಿಂತ ನೇರವಾದ ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ.

ಮಧ್ಯಯುಗದಲ್ಲಿ ಹೊಲ ಹಿಂದೆ ಸರಿದು ಹಡಗು ಮುಂದೆ ಬಂತು. ಕೈರೋ ಬಳಿಯ ಫುಸ್ತಾತಿನ ಬೆನ್ ಎಜ್ರಾ ಸಿನಗಾಗಿನಲ್ಲಿ ದೇವರ ಹೆಸರಿರುವ ಕಾಗದವನ್ನು ಎಸೆಯದೆ ಒಂದು ಕೋಣೆಗೆ ಹಾಕುತ್ತಿದ್ದರು. ವ್ಯಾಪಾರದ ಪತ್ರವೂ ದೇವರ ಹೆಸರಿನಿಂದಲೇ ಶುರುವಾಗುತ್ತಿದ್ದುದರಿಂದ, ಹೀಬ್ರೂ ಲಿಪಿಯಲ್ಲೇ ಇರುತ್ತಿದ್ದುದರಿಂದ, ಲೆಕ್ಕಪತ್ರಗಳೂ ಅಲ್ಲಿಗೆ ಸೇರಿದವು. ಆ ಕಾಗದಗಳಲ್ಲಿ ಹೆಸರು ಉಳಿದವರಲ್ಲಿ ಒಬ್ಬ ನಮಗೆ ನೆಂಟನಂಥವನು: ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು. 1132ರಿಂದ 1149ರವರೆಗೆ ಬಹುಪಾಲು ಮಂಗಳೂರಿನ ಆಸುಪಾಸಿನಲ್ಲೇ ಇದ್ದು ಮೆಣಸು, ಅಡಿಕೆ, ಕಂಚಿನ ಸಾಮಾನುಗಳನ್ನು ಏಡನ್‌ಗೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನು ಪದ್ಯ ಬರೆಯುತ್ತಿದ್ದ, ಧರ್ಮಶಾಸ್ತ್ರವನ್ನೂ ಬಲ್ಲವನು. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಓದಿದವರಿಗೆ ಅವನೂ ಅವನ ಆಳು ಬೊಮ್ಮನೂ ಪರಿಚಿತರು.

ಅದೇ ಸಮುದ್ರ ಫುಸ್ತಾತಿನ ಇನ್ನೊಂದು ಮನೆಯನ್ನು ಮುಳುಗಿಸಿತು. ಧರ್ಮಶಾಸ್ತ್ರಕಾರ ಮೈಮೊನಿಡೀಸನ ತಮ್ಮ ದಾವೀದ್ ಭಾರತದ ವ್ಯಾಪಾರಕ್ಕೆ ಹೊರಟವನು ಹಡಗು ಮುಳುಗಿ ಸತ್ತ. ಅಣ್ಣನ ಹಣ, ಇತರರ ಹಣ ಎಲ್ಲ ಅವನೊಂದಿಗೇ ಹೋಯಿತು. ಅಲ್ಲಿಯವರೆಗೆ ತಮ್ಮನ ಗಳಿಕೆಯ ನೆರಳಿನಲ್ಲಿ ಓದಿಕೊಂಡಿದ್ದ ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ, ಮುಂದೆ ವೈದ್ಯವೃತ್ತಿಯನ್ನೇ ನೆಚ್ಚಿಕೊಂಡ. ದುಡಿಯದೆ, ದಾನದ ಮೇಲೆ ಬದುಕುತ್ತ ತೋರಾ ಓದುವೆನೆನ್ನುವವನು ದೇವರ ಹೆಸರಿಗೆ ಮಸಿ ಬಳಿಯುತ್ತಾನೆ ಎಂಬ ಅವನ ಕಟುವಾದ ವಿಧಿ ಪ್ರಸಿದ್ಧ. ದಾನದ ಎಂಟು ಮೆಟ್ಟಿಲುಗಳಲ್ಲಿ ಅವನು ತುತ್ತತುದಿಗೆ ಇಟ್ಟದ್ದೂ ಸಾಲ, ಪಾಲುದಾರಿಕೆ ಇಲ್ಲವೇ ಕೆಲಸ ಕೊಟ್ಟು ಕೈಚಾಚದಂತೆ ನಿಲ್ಲಿಸುವುದನ್ನು. 16ನೆಯ ಶತಮಾನದಲ್ಲಿ ಯೋಸೆಫ್ ಕಾರೋ ಇದಕ್ಕೆ ಎದುರಾಡಿದ: ಕಲಿಯುವವರಿಗೂ ಕಲಿಸುವವರಿಗೂ ಯಾರೂ ಕೊಡದಿದ್ದರೆ ತೋರಾವೇ ಮರೆತುಹೋದೀತು. ಆ ಜಗಳ ಇನ್ನೂ ಮುಗಿದಿಲ್ಲ.

ದುಡಿಮೆಯ ಒಳಮನಸ್ಸನ್ನು ನೋಡಿದವರು ಬೇರೆ. 11ನೆಯ ಶತಮಾನದ ಸ್ಪೇನಿನ ಬಹ್ಯಾ ಇಬ್ನ್ ಪಕೂದಾ ತನ್ನ ಗ್ರಂಥದಲ್ಲಿ ಇಡೀ ಒಂದು ಅಧ್ಯಾಯವನ್ನು ಬಿತಾಹೋನ್‌ಗೆ, ಅಂದರೆ ದೇವರ ಮೇಲಿನ ಭರವಸೆಗೆ, ಮೀಸಲಿಟ್ಟ. ಬೆಕ್ಕಿಗೆ ಇಲಿ ಹಿಡಿಯುವ ಗುಣ ಇರುವಂತೆ ಪ್ರತಿಯೊಬ್ಬರಿಗೂ ಒಂದು ಕಸುಬಿನತ್ತ ಸೆಳೆತವಿರುತ್ತದೆ, ಅದನ್ನು ಹಿಡಿ, ಆದರೆ ಅನ್ನ ಕೊಡುವುದು ಕಸುಬೆಂದು ತಿಳಿಯಬೇಡ ಎಂಬುದು ಅವನ ನಿಲುವು. 1740ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪುಸ್ತಕ ಪ್ರಕಟಿಸಿದ ಲುಜ್ಜಾತ್ತೋ ಇನ್ನೂ ಮುಂದೆ ಹೋಗಿ, ಮನುಷ್ಯಪ್ರಯತ್ನವೆಂಬುದು ಎಲ್ಲರೂ ಕಟ್ಟಲೇಬೇಕಾದ ತೆರಿಗೆ ಎಂದ. ತೆರಿಗೆ ಕಟ್ಟಬೇಕು, ಹೆಚ್ಚು ಕಟ್ಟಿದರೆ ಹೆಚ್ಚು ಸಿಗುತ್ತದೆಂದು ಭ್ರಮಿಸಬಾರದು.

ಯುರೋಪಿನಲ್ಲಿ ಭೂಮಿಯೂ ವೃತ್ತಿಸಂಘಗಳೂ ಬಾಗಿಲು ಮುಚ್ಚಿ ಯೆಹೂದ್ಯರನ್ನು ಲೇವಾದೇವಿಗೆ ತಳ್ಳಿ, ಆಮೇಲೆ ಅದಕ್ಕಾಗಿಯೇ ದ್ವೇಷಿಸಿದ ಕತೆ ಎಲ್ಲರಿಗೂ ಗೊತ್ತು. ಹೆತೆರ್ ಇಸ್ಕಾ ಪೋಲೆಂಡಿನಲ್ಲಿ 1600ರ ಆಸುಪಾಸಿನಲ್ಲಿ ಈಗಿನ ರೂಪಕ್ಕೆ ಬಂತು. ಆ ಶತಮಾನದ ಕೊನೆಗೆ ಒಂದು ಅಪರೂಪದ ದನಿ ಕೇಳುತ್ತದೆ. ಹ್ಯಾಂಬರ್ಗಿನ ಗ್ಲೂಕೆಲ್ ಗಂಡ ಸತ್ತ ಮೇಲೆ ಮುತ್ತುಗಳ ವ್ಯಾಪಾರ ನೋಡಿಕೊಳ್ಳುತ್ತ, 1691ರಲ್ಲಿ ಯಿದ್ದಿಷ್‌ನಲ್ಲಿ ತನ್ನ ಬದುಕನ್ನು ಬರೆಯತೊಡಗಿದಳು. ಜಾತ್ರೆ, ಹುಂಡಿ, ಮಕ್ಕಳ ವರದಕ್ಷಿಣೆ, ದೇವರ ಇಚ್ಛೆ ಎಲ್ಲ ಒಟ್ಟೊಟ್ಟಿಗೆ ಬರುತ್ತವೆ. ಎರಡನೆಯ ಗಂಡ, ಮೆಟ್ಜ್‌ನ ಸಾಹುಕಾರ, ಮದುವೆಯಾದ ಎರಡೇ ವರ್ಷಕ್ಕೆ ದಿವಾಳಿಯಾದ. ಭರವಸೆಯ ಗ್ರಂಥಗಳನ್ನು ಬರೆದವರಿಗಿಂತ ಇವಳಿಗೆ ವಿಷಯ ಚೆನ್ನಾಗಿ ಗೊತ್ತಿತ್ತು ಎಂದು ನನ್ನ ಅನುಮಾನ.

ಹಸಿದೀ ಪಂಥ ದುಡಿಮೆಯಲ್ಲೇ ದೇವರನ್ನು ಕಂಡಿತು. ಲೋಕದ ವಸ್ತುಗಳಲ್ಲಿ ಹುದುಗಿದ ದೈವಿಕ ಕಿಡಿಗಳನ್ನು ವ್ಯಾಪಾರದಲ್ಲೂ ಮೇಲೆತ್ತಬಹುದು ಎಂಬುದು ಅದರ ಮಾತು. ಕೈಯ ದುಡಿಮೆಯಲ್ಲಿ ಜೀವವೇ ತೊಡಗಿರುವುದರಿಂದ ದಾನ ಕೊಟ್ಟವನು ತನ್ನ ಜೀವವನ್ನೇ ಕೊಟ್ಟಂತೆ ಎಂದ 'ತಾನ್ಯಾ' ಗ್ರಂಥದ ಶ್ನೆಯೂರ್ ಜಲ್ಮನ್. ಲಿಥುವೇನಿಯಾ ಕಡೆಯ, ನೈತಿಕ ಶಿಸ್ತಿನ ಮುಸಾರ್ ಚಳವಳಿ ತದ್ವಿರುದ್ಧ. ವ್ಯಾಪಾರ ಬಿಟ್ಟ ಯೋಸೆಫ್ ಯೋಜೆಲ್ ಹೊರೊವಿಟ್ಜ್ ಗುಡಿಸಲೊಂದರಲ್ಲಿ ಏಕಾಂತಕ್ಕೆ ಕೂತ. ಹಾಲಿನ ಊಟಕ್ಕೊಂದು, ಮಾಂಸದ ಊಟಕ್ಕೊಂದು ಕಿಂಡಿ. ಮುಂದೆ ನೊವಾರ್ದೋಕ್‌ನಲ್ಲಿ ಅವನ ಶಿಷ್ಯರು ಔಷಧದಂಗಡಿಗೆ ಹೋಗಿ ಮೊಳೆ ಕೇಳಿ ಬೈಸಿಕೊಳ್ಳುತ್ತಿದ್ದರಂತೆ, ನಾಚಿಕೆ ಸಾಯಲಿ ಎಂದು. ಆ ಕಿಂಡಿಗಳಿಗೆ ಊಟ ತಂದಿಡುತ್ತಿದ್ದವರ ಭರವಸೆ ಎಂಥದೋ! ರಾದಿನ್ ಊರಿನ ಪಂಡಿತ ಹಫೇತ್ಸ್ ಹಯೀಮ್‌ರ ಕಿರಾಣಿ ಅಂಗಡಿಯನ್ನು ನಡೆಸಿದ್ದೂ ಅವರ ಹೆಂಡತಿಯೇ.

ಇದೆಲ್ಲಕ್ಕೂ ಬೇಸತ್ತವರು ಹಾರೆ ಹಿಡಿದರು. 1904ರಲ್ಲಿ, 48ರ ವಯಸ್ಸಿನಲ್ಲಿ ಪ್ಯಾಲೆಸ್ಟೈನ್‌ಗೆ ಹೋದ ಎ. ಡಿ. ಗೋರ್ಡನ್ ದೈಹಿಕ ದುಡಿಮೆಯನ್ನೇ ಧರ್ಮವೆಂದು ಬಗೆದು ಕೊನೆಗೆ ದೆಗಾನ್ಯಾ ಕಿಬ್ಬುತ್ಸ್‌ನಲ್ಲಿ ನೆಲೆಸಿದ. ನ್ಯೂಯಾರ್ಕಿಗೆ ವಲಸೆ ಹೋದವರು 1892ರಲ್ಲಿ ಬಡ್ಡಿಯಿಲ್ಲದ ಸಾಲದ ಸಂಘ ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಮ್ಯಾಸಚೂಸೆಟ್ಸಿನಲ್ಲಿ 1995ರ ಡಿಸೆಂಬರ್ 11ರಂದು ಮಾಲ್ಡೆನ್ ಮಿಲ್ಸ್ ಸುಟ್ಟುಹೋದಾಗ ಮಾಲೀಕ ಆ್ಯರನ್ ಫಾಯರ್‌ಸ್ಟೈನ್ ವಿಮೆಯ ಹಣ ಹಿಡಿದು ಹೊರಡಲಿಲ್ಲ. ಕೆಲಸವಿಲ್ಲದೆ ಕೂತ ಕಾರ್ಮಿಕರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟು ಗಿರಣಿಯನ್ನು ಮತ್ತೆ ಕಟ್ಟಿದರು. ಕೂಲಿಯವನನ್ನು ಹಿಂಡಬಾರದೆಂಬ ತೋರಾದ ಮಾತೇ ಅವರ ವಿವರಣೆ. 2001ರಲ್ಲಿ ಸಂಸ್ಥೆ ದಿವಾಳಿಯಾಯಿತು. ಅದನ್ನು ತೋರಿಸಿ ನಗುವವರೂ ಇದ್ದಾರೆ. ನಾನಂತೂ ಆ ಸಾಲಿನಲ್ಲಿಲ್ಲ.

ಇಸ್ರೇಲಿನಲ್ಲಿ ಶಿಮೋನ್ ಬಾರ್ ಯೋಹಾಯ್‌ನ ದಾರಿ ಈಗ ಬಜೆಟ್ಟಿನ ಪ್ರಶ್ನೆ. ಕಟ್ಟಾ ಸಂಪ್ರದಾಯಸ್ಥರಾದ ಹರೇದಿ ಗಂಡಸರಲ್ಲಿ ಉದ್ಯೋಗದಲ್ಲಿರುವವರು ಅರ್ಧಕ್ಕಿಂತ ತುಸು ಹೆಚ್ಚು. ಉಳಿದವರಲ್ಲಿ ಬಹಳ ಮಂದಿ ಮದುವೆಯ ಬಳಿಕವೂ ಅಧ್ಯಯನ ಕೇಂದ್ರಗಳಾದ ಕೊಲೆಲ್‌ಗಳಲ್ಲಿ ಓದುತ್ತಾರೆ. ಟೀಕಿಸುವವರು ಮೈಮೊನಿಡೀಸನನ್ನು ಎತ್ತಿದರೆ ಸಮರ್ಥಿಸುವವರು ಕಾರೋನನ್ನು ತೆರೆಯುತ್ತಾರೆ. ವ್ಯಾಪಾರಿ ಜೆಬುಲೂನ್ ಪಂಡಿತ ಇಸ್ಸಾಕಾರನನ್ನು ಸಾಕಿ ಪುಣ್ಯದಲ್ಲಿ ಪಾಲು ಪಡೆದ ಹಳೆಯ ಮಾದರಿಯೂ ಇದೆ. ಹಾಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವವರುಂಟು. ಆದರೆ ಅಂಥ ಅನೇಕ ಮನೆಗಳಲ್ಲಿ ಜೆಬುಲೂನ್ ಎಂದರೆ ಹೆಂಡತಿ. ಹರೇದಿ ಹೆಂಗಸರಲ್ಲಿ ಸುಮಾರು 80% ದುಡಿಯುತ್ತಾರೆ: ಶಾಲೆ, ಲೆಕ್ಕಪತ್ರ, ಈಚೆಗೆ ಸಾಫ್ಟ್‌ವೇರ್. ಗಂಡನ ಅಧ್ಯಯನದ ಪುಣ್ಯದಲ್ಲಿ ಇವರಿಗೂ ಪಾಲುಂಟೆಂದು ತಾಲ್ಮುದ್ ಹೇಳುತ್ತದೆ. ಸಂಬಳ ಮಾತ್ರ ಉಳಿದ ಯೆಹೂದಿ ಹೆಂಗಸರಿಗಿಂತ ಕಡಿಮೆ.