ನಾಮಂಜೂರಿ ಎಂಬ ಮಂಜೂರಾತಿ

ಮುಂಬೈಯಲ್ಲಿ ಹೊಸ ಕಟ್ಟಡ ಕಟ್ಟಲು ಹೊರಟವರಿಗೆ ಮಹಾನಗರ ಪಾಲಿಕೆಯಿಂದ ಸಿಗುವ ಪ್ರಮುಖ ಪತ್ರಕ್ಕೆ ಎಲ್ಲರೂ ಐಓಡಿ ಅನ್ನುತ್ತಾರೆ. ಬಿಲ್ಡರುಗಳು ಅದನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುತ್ತಾರೆ, ಬ್ಯಾಂಕಿನವರು ಸಾಲ ಕೊಡುವ ಮುಂಚೆ ಕೇಳುತ್ತಾರೆ. ಬಿಡಿಸಿ ಓದಿದರೆ ಅದು ‘ಇಂಟಿಮೇಶನ್ ಆಫ್ ಡಿಸ್‌ಅಪ್ರೂವಲ್’, ಅಂದರೆ ನಾಮಂಜೂರಿಯ ತಿಳಿವಳಿಕೆ ಪತ್ರ. ಕಟ್ಟಬಹುದು ಎಂದು ಹೇಳುವ ಕಾಗದದ ಹೆಸರೇ ಒಪ್ಪಿಗೆಯಿಲ್ಲ ಎಂದು. ಇದನ್ನು ಸರಕಾರಿ ಭಾಷೆಯ ತಮಾಷೆ ಅಂದುಕೊಂಡು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಈ ಹೆಸರಿನೊಳಗೆ 1888ರ ಮುಂಬೈ ಇನ್ನೂ ಕೂತಿದೆ. ಇವತ್ತು ಘಾಟಕೋಪರದ್ದೋ ಬೋರಿವಲಿಯದ್ದೋ ಫ್ಲ್ಯಾಟಿನಲ್ಲಿ ಅಡುಗೆಮನೆ ದೊಡ್ಡದು ಮಾಡಿಸಲು ಕಾಂಟ್ರಾಕ್ಟರನನ್ನು ಕರೆಸುವ ಮನೆಯೂ ಅದೇ ಕಾನೂನಿನ ನೆರಳಿನಲ್ಲಿದೆ.

ಮುಂಬೈ ಮುನ್ಸಿಪಲ್ ಕಾರ್ಪೊರೇಶನ್ ಕಾಯಿದೆ ಬಂದದ್ದು 1888ರಲ್ಲಿ. ಫಿರೋಜ್‌ಶಾ ಮೆಹ್ತಾ ಅವರ ಕೈವಾಡ ಅದರಲ್ಲಿ ದೊಡ್ಡದು. ಆಗ ಪಾಲಿಕೆಗೆ ಮತ ಹಾಕುತ್ತಿದ್ದವರು ತೆರಿಗೆ ಕಟ್ಟುವವರು, ಎಂದರೆ ಬಹುಮಟ್ಟಿಗೆ ಮನೆ ಮಾಲಿಕರು. ಅವರ ಕಾನೂನಿನಲ್ಲಿ ತನ್ನ ಜಾಗದಲ್ಲಿ ತಾನು ಕಟ್ಟುವುದು ಮಾಲಿಕನ ಹಕ್ಕು. ಅವನು ಪಾಲಿಕೆಯ ಅಪ್ಪಣೆ ಬೇಡಬೇಕಾಗಿಲ್ಲ, ‘ಕಟ್ಟುತ್ತಿದ್ದೇನೆ’ ಎಂದು ನೋಟಿಸು ಕೊಟ್ಟರೆ ಸಾಕು. ಹೊಸ ಕಟ್ಟಡಕ್ಕೆ ಕಲಂ 337ರ ನೋಟಿಸು, ಇದ್ದ ಕಟ್ಟಡದ ಬದಲಾವಣೆಗೆ ಕಲಂ 342ರ ನೋಟಿಸು. ಕಮಿಷನರರಿಗೆ ಆಕ್ಷೇಪವಿದ್ದರೆ 30 ದಿನದೊಳಗೆ ಹೇಳಬೇಕು. ಹೇಳದಿದ್ದರೆ ಕೆಲಸ ಶುರು ಮಾಡಬಹುದು. ಹೇಳಿದರೆ, ಯಾಕೆ ಒಪ್ಪಿಗೆಯಿಲ್ಲ, ಯಾವ ಷರತ್ತಿಗೆ ಒಳಪಟ್ಟು ಕಟ್ಟಬಹುದು ಎಂದು ಕಲಂ 346ರ ಪ್ರಕಾರ ಬರೆದು ತಿಳಿಸಬೇಕು. ಹಾಗೆ ಬರೆದು ತಿಳಿಸಿದ ಕಾಗದವೇ ಐಓಡಿ. ನೋಟಿಸಿಗೆ ಬರುವ ಉತ್ತರದಲ್ಲಿ ಷರತ್ತುಗಳಿರುವುದು ವಾಡಿಕೆಯಾಗಿ, ನಾಮಂಜೂರಿಯೇ ಮಂಜೂರಾತಿಯಾಯಿತು.

ಮನೆ ರಿಪೇರಿಯ ಮಟ್ಟಿಗೆ ಕಲಂ 342 ಮುಖ್ಯ. ಹಳೆ ಕಟ್ಟಡದಲ್ಲಿ ಏನು ಮಾಡಿದರೆ ಪಾಲಿಕೆಗೆ ತಿಳಿಸಬೇಕು ಎಂಬುದನ್ನು ಅದು ಬಹಳ ಬಿಡಿಬಿಡಿಯಾಗಿ ಹೇಳುತ್ತದೆ. ಹೊರಗೋಡೆಯನ್ನೋ, ಪಕ್ಕದ ಮನೆಗೂ ಸೇರಿದ ಗೋಡೆಯನ್ನೋ, ಮಾಡು ಹೊತ್ತ ಗೋಡೆಯನ್ನೋ ಅರ್ಧಕ್ಕಿಂತ ಹೆಚ್ಚು ಕೆಡವಿ ಕಟ್ಟುವುದಾದರೆ ತಿಳಿಸಬೇಕು. ಮರದ ಚೌಕಟ್ಟಿನ ಮನೆಯಾದರೆ ಅಂಥ ಗೋಡೆಯಲ್ಲಿನ ಕಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದಲಿಸುವಾಗ ತಿಳಿಸಬೇಕು. ಒಂದು ಖೋಲಿಗೆ ಅಡ್ಡಗೋಡೆ ಹಾಕಿ ಎರಡು ಮಾಡಿದರೆ, ಓಣಿಯಂತಿದ್ದ ಜಾಗವನ್ನು ಖೋಲಿ ಮಾಡಿದರೆ ಆಗಲೂ ತಿಳಿಸಬೇಕು. ಓದಿದವರ ಕಣ್ಣಿಗೆ ಗಿರಗಾಂವ್, ಭುಲೇಶ್ವರದ ಅಂದಿನ ಮನೆಗಳು ಕಟ್ಟಿಕೊಳ್ಳುತ್ತವೆ: ಸಾಗುವಾನಿ ಕಂಬ, ನಡುವೆ ಇಟ್ಟಿಗೆ, ಮೇಲೆ ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಕಡಲ ದಾರಿಯಲ್ಲಿ ಈ ಊರಿಗೂ ಬಂತು. ಅಂಥ ಮನೆಯಲ್ಲಿ ಅರ್ಧ ಕಂಬಗಳ ಲೆಕ್ಕಕ್ಕೆ ಅರ್ಥವಿತ್ತು. ಕಂಬಗಳು ಒತ್ತೊತ್ತಾಗಿದ್ದವು, ಒಂದನ್ನು ತೆಗೆದು ಆಸರೆ ಕೊಟ್ಟು ಇನ್ನೊಂದನ್ನು ನಿಲ್ಲಿಸುವುದು ಬಡಗಿಯ ದಿನನಿತ್ಯದ ಕೆಲಸ.

ಕೆಲಸ ಮಾಡುತ್ತಿದ್ದವರು ಬಹಳ ಮಂದಿ ಊರ ಹೊರಗಿನವರು. ಕಾಮಾಠಿಪುರದ ಹೆಸರೇ ನಿಜಾಮರ ಸೀಮೆಯಿಂದ ಬಂದ ಕಟ್ಟಡ ಕೂಲಿಗಳಾದ ಕಾಮಾಠಿಗಳದ್ದು. ದ್ವೀಪಗಳ ನಡುವಿನ ತಗ್ಗನ್ನು ತುಂಬಿ ಊರು ಮಾಡಿದವರ ಹೆಸರು ಆಮೇಲೆ ಬೇರೆ ಕಾರಣಕ್ಕೆ ಜನರ ಬಾಯಲ್ಲಿ ಉಳಿದದ್ದು ಈ ಊರಿನ ಕೃತಘ್ನತೆಗಳಲ್ಲೊಂದು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿತು. ಗಾಳಿ ಬೆಳಕಿಲ್ಲದ ಖೋಲಿಗಳೇ ರೋಗದ ಮನೆ ಎಂದು ಆಡಳಿತ ನಂಬಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಟ್ರಸ್ಟಿನವರ ಒಂದು ನಿಯಮ ಕೋನದ ಲೆಕ್ಕದ್ದು: ಕೋಣೆಯ ಬುಡದಿಂದ ಎದುರು ಕಟ್ಟಡದ ತುದಿಗೆ ಎಳೆದ ಗೆರೆ ನೆಲದೊಡನೆ 63½ ಡಿಗ್ರಿ ಮೀರಬಾರದು. ಸುಲಭವಾಗಿ ಹೇಳುವುದಾದರೆ, ಎದುರಿನ ಕಟ್ಟಡ ನಡುವಿನ ಬಯಲಿನ ಅಗಲದ ಎರಡು ಪಟ್ಟಿಗಿಂತ ಎತ್ತರ ಇರಬಾರದು. ದಾದರ್–ಮಾಟುಂಗದ ಬಡಾವಣೆಗಳನ್ನು ಹಾಕಿದ್ದು ಈ ಟ್ರಸ್ಟೇ. ಅಲ್ಲಿನ ಬೀದಿಗಳಲ್ಲಿ ಇಂದಿಗೂ ಮನೆಗಳ ನಡುವೆ ಗಾಳಿ ಆಡುತ್ತದೆ. 1926ರ ಮೈಸೂರು ಅಸೋಸಿಯೇಶನ್ನು, 1942ರಲ್ಲಿ ತೆರೆದ ರಾಮ ನಾಯಕರ ಉಡುಪಿ ಊಟದ ಮನೆ, ಇವೆಲ್ಲ ನೆಲೆಯೂರಿದ್ದು ಪ್ಲೇಗಿನ ಹೆದರಿಕೆಯಿಂದ ಹುಟ್ಟಿದ ಆ ಮಾಟುಂಗದಲ್ಲಿ.

ಅದೇ ಹೊತ್ತಿಗೆ ಕಟ್ಟಡದ ಎಲುಬೇ ಬದಲಾಯಿತು. 1920, 30ರ ದಶಕಗಳಲ್ಲಿ ಕಾಂಕ್ರೀಟಿನ ಫ್ಲ್ಯಾಟುಗಳು ಬಂದವು. ಈಗ ಭಾರ ಹೊರುವುದು ಗೋಡೆಯಲ್ಲ, ಕೆಲವೇ ಕಂಬಗಳು ಮತ್ತು ಬೀಮುಗಳು. ಮನೆಯೊಳಗಿನ ಹಲವು ಗೋಡೆಗಳು ಬರೀ ಪರದೆಗಳು, ಕೆಡವಿದರೂ ಏನೂ ಆಗುವುದಿಲ್ಲ. ಆದರೆ ಒಂದೇ ಒಂದು ಕಂಬ ಹೋದರೆ ಮೇಲಿನ ಐದು ಮನೆ ಹೋಗುತ್ತದೆ. ‘ಅರ್ಧ ಕಂಬ’ದ ಭಾಷೆ ಮಾತ್ರ ಪುಸ್ತಕದಲ್ಲಿ ಹಾಗೇ ಉಳಿಯಿತು.

ಆಮೇಲೆ ಬಂದದ್ದು ಬಾಡಿಗೆಯ ಕಾನೂನು. 1947ರ ಬಾಂಬೆ ರೆಂಟ್ ಆಕ್ಟ್ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಇದ್ದ ಮಟ್ಟಕ್ಕೆ ಕಟ್ಟಿಹಾಕಿತು. ಬಡವರನ್ನು ಬೀದಿಗೆ ಹಾಕದಂತೆ ತಡೆದ ಕಾನೂನು ಅದು. ಅದನ್ನು ಹಳಿಯುವವರು ಇದನ್ನು ಮರೆಯಬಾರದು. ಆದರೆ ವರ್ಷಗಳುರುಳಿದಂತೆ ಬಾಡಿಗೆಯ ಹಣ ಸುಣ್ಣಕ್ಕೂ ಸಾಲದಾಯಿತು. ಮಾಲಿಕ ರಿಪೇರಿ ಬಿಟ್ಟ. ಬಾಡಿಗೆದಾರ ಪಗಡಿ ಕೊಟ್ಟು ಒಳಗೆ ಬಂದವನಾದ್ದರಿಂದ ತನ್ನ ಖೋಲಿಯೊಳಗಿನದ್ದನ್ನು ಮಾತ್ರ ತಾನೇ ಮಾಡಿಸಿಕೊಂಡ: ನೆಲಕ್ಕೆ ಲಾದಿ, ತಲೆಯ ಮೇಲೆ ಮಲಗಲು ‘ಪೋಟಮಾಳಾ’, ಗ್ಯಾಲರಿಯ ತುದಿಗೆ ಮೋರಿ. ಜಿನೆ, ಮಾಡು, ಬುನಾದಿ ಯಾರದ್ದೂ ಅಲ್ಲ. ಒಂದೇ ಕಟ್ಟಡ ಒಳಗೆ ನೂರು ಕಡೆ ಹೊಸದಾಗುತ್ತ, ಒಟ್ಟಾರೆಯಾಗಿ ಕೊಳೆಯುತ್ತ ಹೋಯಿತು. ಮಳೆಗಾಲಕ್ಕೊಮ್ಮೆ ಕಟ್ಟಡ ಬೀಳುವುದು ಸುದ್ದಿಯೇ ಅಲ್ಲ ಎನ್ನುವಂತಾದ ಮೇಲೆ, ಸೆಸ್ ವಸೂಲಿ ಮಾಡಿ ಸರಕಾರವೇ ರಿಪೇರಿ ಮಾಡಿಸುವ ಕಾಯಿದೆ 1969ರಲ್ಲಿ ಬಂತು. ಆ ಪಟ್ಟಿಯಲ್ಲಿದ್ದದ್ದು 19,642 ಕಟ್ಟಡಗಳು. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗಿಂತ ಹಳೆಯವು.

ಉಪನಗರಗಳ ಕಥೆ ಬೇರೆ. ಅಲ್ಲಿ ಮಾಲಿಕ ಇಲ್ಲ, ಸೊಸೈಟಿ ಇದೆ. ಕಾಂಕ್ರೀಟಿನ ಪೆಟ್ಟಿಗೆಗಳಲ್ಲಿ ಸ್ವಂತ ಮನೆ. ಅರವತ್ತರ ದಶಕದಲ್ಲಿ ಎಫ್‌ಎಸ್‌ಐ ಎಂಬ ಅಳತೆ ಬಂದಿತ್ತು: ನೆಲದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. 1991ರ ನಿಯಮಗಳಲ್ಲಿ ದ್ವೀಪ ನಗರಕ್ಕೆ 1.33, ಉಪನಗರಕ್ಕೆ 1. ಬಾಲ್ಕನಿ, ಹೂಕುಂಡದ ಚಾಚು, ಗೋಡೆಯ ಗೂಡು ಇಂಥವು ಈ ಲೆಕ್ಕದಿಂದ ಹೊರಗೆ ಉಳಿಯುವ ದಾರಿಗಳಿದ್ದವು. ನಕ್ಷೆಯಲ್ಲಿ ಹೂಕುಂಡ ಎಂದಿದ್ದದ್ದು ಮನೆ ಮಾರುವಾಗ ಹಾಲಿನ ಭಾಗವಾಯಿತು. ಕೀಲಿಕೈ ಕೈಗೆ ಬಂದ ದಿನವೇ ಕಾಂಟ್ರಾಕ್ಟರ್ ಬಂದು ಕಿಟಕಿಯ ಕೆಳಗಿನ ಅರೆಗೋಡೆ ಒಡೆದು ಹೂಕುಂಡವನ್ನು ಒಳಗೆ ಸೇರಿಸಿಬಿಡುತ್ತಿದ್ದ. ಅಕ್ಕಪಕ್ಕದವರೆಲ್ಲ ಮಾಡಿಸಿದ ಕೆಲಸ ತಪ್ಪು ಅನಿಸುವುದು ಹೇಗೆ? 2012ರ ಜನವರಿಯಲ್ಲಿ ಇವನ್ನೆಲ್ಲ ಎಫ್‌ಎಸ್‌ಐ ಲೆಕ್ಕಕ್ಕೆ ಸೇರಿಸಿ, ಬದಲಿಗೆ ವಾಸದ ಕಟ್ಟಡಗಳಿಗೆ ಶೇ. 35ರಷ್ಟು ಹೆಚ್ಚುವರಿಯನ್ನು ಕೊಡುವ ತಿದ್ದುಪಡಿ ಬಂತು. ಅಷ್ಟರಲ್ಲಿ ಕಟ್ಟಿದ ಸಾವಿರಾರು ಮನೆಗಳ ಹೂಕುಂಡಗಳಲ್ಲಿ ಸೋಫಾಗಳಿದ್ದವು.

ಇನ್ನು ನೋಟಿಸೇ ಬೇಡದ ರಿಪೇರಿಗೆ ಬರಬೇಕು. ಕಾನೂನು ಅದಕ್ಕೆ ‘ಟೆನೆಂಟೇಬಲ್ ರಿಪೇರಿ’ ಎನ್ನುತ್ತದೆ, ವಾಸಕ್ಕೆ ತಕ್ಕಂತೆ ಇಟ್ಟುಕೊಳ್ಳುವ ದುರಸ್ತಿ. ಗಿಲಾವು, ಬಣ್ಣ, ನೆಲದ ಟೈಲ್ಸ್ ಬದಲಿಸುವುದು, ಸಂಡಾಸು ಬಚ್ಚಲುಗಳ ದುರಸ್ತಿ, ಪೈಪು, ನಲ್ಲಿ, ವೈರಿಂಗು, ಅದೇ ವಸ್ತುವಿನಿಂದ ಮಾಡು ಹೊದಿಸುವುದು ಇದರಲ್ಲಿ ಬರುತ್ತವೆ. ಉದ್ದ, ಅಗಲ, ಎತ್ತರ ಬದಲಾಯಿಸುವುದು, ಭಾರ ಹೊರುವ ಭಾಗವನ್ನು ಬದಲಿಸುವುದು, ನೆಲ ತಗ್ಗಿಸುವುದು, ಪೋಟಮಾಳಾ ಕಟ್ಟುವುದು ಬರುವುದಿಲ್ಲ. ಪಟ್ಟಿ ನ್ಯಾಯವಾದದ್ದೇ, ಬಚ್ಚಲಿನ ನಲ್ಲಿಗೆಲ್ಲ ವಾರ್ಡ್ ಆಫೀಸು ಸುತ್ತುವಂತಾಗಿದ್ದರೆ ಊರು ನಡೆಯುತ್ತಿರಲಿಲ್ಲ. ಆದರೆ ‘ಇದಕ್ಕೆಲ್ಲ ಪರ್ಮಿಶನ್ ಬೇಡ ಸಾಬ್’ ಎಂಬ ಕಾಂಟ್ರಾಕ್ಟರನ ಮಾತಿಗೆ ಬೆಂಬಲವೂ ಇದೇ ಪಟ್ಟಿ. ಹಳೆ ಟೈಲ್ಸ್ ಕೀಳುವ ಗದ್ದಲ ಬೇಡವೆಂದು ಅದರ ಮೇಲೇ ಎರಡು ಇಂಚು ಗಾರೆ, ಟೈಲ್ಸ್ ಹಾಕಿದರೆ ಚದರ ಮೀಟರಿಗೆ ನೂರು ಕಿಲೋಗೂ ಹೆಚ್ಚು ಭಾರ ಕೂಡುತ್ತದೆ. ವಾಸದ ಮನೆಯ ನೆಲಕ್ಕೆ ಜನ, ಸಾಮಾನು ಸೇರಿ ಭಾರತೀಯ ಮಾನಕದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಪಟ್ಟಿಯ ಪ್ರಕಾರ ಅದು ಬರೀ ನೆಲದ ಕೆಲಸ. ಸ್ಲ್ಯಾಬಿನ ಲೆಕ್ಕದಲ್ಲಿ ಅರ್ಧ ಸಂಸಾರವೇ ಮನೆಗೆ ಹೊಸದಾಗಿ ಬಂದಂತೆ.

ನೆಲಮಹಡಿಯಲ್ಲಿ ಇದು ಪ್ರಾಣಕ್ಕೆ ಬರುತ್ತದೆ. ಅಂಗಡಿಗೆ, ಆಸ್ಪತ್ರೆಗೆ, ಗೋದಾಮಿಗೆ ಬೇಕಾದದ್ದು ನಡುವೆ ತಡೆಯಿಲ್ಲದ ಜಾಗ, ಮತ್ತು ಇಡೀ ಕಟ್ಟಡದ ಭಾರ ಇಳಿಯುವ ಕಂಬಗಳಿರುವುದೂ ಅಲ್ಲೇ. 2007ರ ಜುಲೈಯಲ್ಲಿ ಬೋರಿವಲಿಯ ಲಕ್ಷ್ಮೀ ಛಾಯಾ ಕಟ್ಟಡ ಕುಸಿದಾಗ ಕೆಳಗಿನ ಅಂಗಡಿಯ ಮಾರ್ಪಾಟಿನ ಮೇಲೆ ಬೊಟ್ಟು ಮಾಡಲಾಯಿತು. 2013ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಡಾಕ್‌ಯಾರ್ಡ್ ರೋಡಿನ ಬಾಬು ಗೇನು ಮಾರ್ಕೆಟ್ ಕಟ್ಟಡ ಬಿದ್ದು 61 ಜನ ಸತ್ತರು. ಅದು ಪಾಲಿಕೆಯದ್ದೇ ಕಟ್ಟಡ, ಮೇಲೆ ಇದ್ದದ್ದು ಪಾಲಿಕೆಯ ನೌಕರರ ಸಂಸಾರಗಳು. ಅಲ್ಲೂ ಕೆಳಗಿನ ಗೋದಾಮಿನಲ್ಲಿ ಅನುಮತಿಯಿಲ್ಲದೆ ಕೆಲಸ ನಡೆದಿತ್ತೆಂಬ ಆರೋಪ. ನೋಟಿಸು ಪಡೆಯಬೇಕಾದ ಕಚೇರಿಯೇ ಕಟ್ಟಡದ ಮಾಲಿಕ. 2017ರ ಜುಲೈ 25ರಂದು ಘಾಟಕೋಪರದ ನಾಲ್ಕು ಮಹಡಿಯ ಸಿದ್ಧಿ ಸಾಯಿ ಕುಸಿದು 17 ಜನ ಸತ್ತರು. ನೆಲಮಹಡಿಯ ನರ್ಸಿಂಗ್ ಹೋಮ್ ಜಾಗದಲ್ಲಿ ನವೀಕರಣ ನಡೆದಿತ್ತು, ಕಂಬಗಳಿಗೆ ಕೈ ಹಾಕಿದ್ದರೆಂದು ನಿವಾಸಿಗಳು ಹೇಳಿದರು. ಕಂಬ ಕಡಿಯುವ ಸದ್ದು ಮೇಲಿನವರಿಗೆ ಕೇಳುತ್ತದೆ. ಆದರೆ ಮುಂಬೈಯಲ್ಲಿ ಯಾವ ದಿನ ಯಾವ ಬಿಲ್ಡಿಂಗಿನಲ್ಲಿ ಸುತ್ತಿಗೆ ಸದ್ದು ಇಲ್ಲ?

ಪಾಲಿಕೆಯ ಮುಂದೆ ಸಹಿ ಹಾಕಿ ಹೊಣೆ ಹೊರುವವರು ಆರ್ಕಿಟೆಕ್ಟು, ಲೈಸೆನ್ಸ್ ಇರುವ ಸರ್ವೇಯರು, ಸ್ಟ್ರಕ್ಚರಲ್ ಎಂಜಿನಿಯರು. ನೋಟಿಸಿಲ್ಲದ ಕೆಲಸಕ್ಕೆ ಇವರಾರೂ ಬರುವುದಿಲ್ಲ. ಬರುವವನು ಮೇಲಿನ ಮಹಡಿಯವರು ಹೇಳಿದ ಕಾಂಟ್ರಾಕ್ಟರ್. ಅವನ ಕೈಕೆಳಗೆ ಬಡಗಿ, ಕಲ್ಲು ಕೂರಿಸುವವ, ಪಿಓಪಿಯವ, ನಾಕಾದಿಂದ ದಿನಗೂಲಿಗೆ ಎತ್ತಿದ ಇಬ್ಬರು. ಅವನ ಕೊಟೇಶನ್ನಿನಲ್ಲಿ ಗ್ರಾನೈಟು, ಪ್ಲೈವುಡ್ಡು, ಬಣ್ಣ ಎಲ್ಲ ಚದರಡಿ ಲೆಕ್ಕದಲ್ಲಿರುತ್ತವೆ. ಎಂಜಿನಿಯರನಿಗೆ ಒಮ್ಮೆ ತೋರಿಸುವ ಖರ್ಚಿನ ಸಾಲು ಮಾತ್ರ ಇರುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಸೊಸೈಟಿ ಡಿಪಾಸಿಟ್ ಇಟ್ಟುಕೊಂಡು ಕೆಲಸದ ಹೊತ್ತು, ಲಿಫ್ಟು, ಕಸ ಹಾಕುವ ಜಾಗದ ಬಗ್ಗೆ ಕಾಗದ ಕೊಡುತ್ತದೆ.

30 ವರ್ಷ ದಾಟಿದ ಕಟ್ಟಡಕ್ಕೆ ಲೈಸೆನ್ಸ್ ಇರುವ ಎಂಜಿನಿಯರರಿಂದ ತಪಾಸಣೆ ಮಾಡಿಸಬೇಕೆಂದು ಕಾಯಿದೆಗೆ ಆಮೇಲೆ ಸೇರಿಸಿದ 353ಬಿ ಕಲಂ ಹೇಳುತ್ತದೆ. ಅವರು ಬಂದಾಗ ಮೊದಲು ಕೇಳುವುದು ಮೂಲ ನಕ್ಷೆ. ಎಷ್ಟೋ ಸೊಸೈಟಿಗಳಲ್ಲಿ ಅದೇ ಇಲ್ಲ. ಇದ್ದರೂ ಯಾವ ಮನೆಯ ಯಾವ ಗೋಡೆ ಯಾವ ವರ್ಷ ಹೋಯಿತು ಎಂಬ ದಾಖಲೆ ಯಾರ ಹತ್ತಿರವೂ ಇಲ್ಲ, ಏಕೆಂದರೆ ಅವೆಲ್ಲ ನೋಟಿಸು ಬೇಡದ ರಿಪೇರಿಗಳು. ಎಂಜಿನಿಯರು ಮನೆಮನೆಗೂ ಹೋಗಿ, ಫಾಲ್ಸ್ ಸೀಲಿಂಗಿನ ಒಂದು ಮೂಲೆ ಬಿಚ್ಚಿಸಿ, ಬೀಮಿನ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ, ಎಲ್ಲಿ ಸದ್ದು ಟೊಳ್ಳಾಗಿದೆ ಎಂದು ಕಿವಿಗೊಟ್ಟು ಕೇಳುತ್ತಾರೆ.