ರಾವಣನಿಗೆ ಸೀತೆ ಏನಾಗಬೇಕು?

ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗಾದ ಮೇಲೆ ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳಿದವನನ್ನು ನೋಡಿ ನಮ್ಮ ಗಾದೆ ನಗುತ್ತದೆ. ಅದೇ ಮನುಷ್ಯ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ರಾವಣನಿಗೆ ಸೀತೆ ಏನಾಗಬೇಕು ಎಂದು ಕೇಳಿದ್ದರೆ ನಗುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಕನ್ನಡ ನಾಡಿನೊಳಗೇ ಆ ಪ್ರಶ್ನೆಗೆ ಹಲವು ಉತ್ತರಗಳಿವೆ. ಒಂದು ಉತ್ತರಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ.

ನಮ್ಮಲ್ಲಿ ಅನೇಕರಿಗೆ ರಾವಣ ಮೊದಲು ಸಿಕ್ಕಿದ್ದು ಚಿತ್ರಕಥೆಯ ಪುಟಗಳಲ್ಲಿ: ಒಂದೇ ಸಾಲಿನಲ್ಲಿ ಹತ್ತು ತಲೆ, ಹುರಿಮೀಸೆ, ತಲೆಗೊಂದು ಕಿರೀಟ. ಅಮರ ಚಿತ್ರಕಥೆಯನ್ನು ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ ಮೊದಲ ಪುಸ್ತಕಗಳು ಹೊರಬಂದದ್ದೂ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, 1965ರ ಸುಮಾರಿಗೆ, ಬೆಂಗಳೂರಿನಿಂದ. ಅವು ಪಡುವಣ ದೇಶಗಳ ಕಿನ್ನರ ಕತೆಗಳಾಗಿದ್ದವು. ಕೃಷ್ಣ, ರಾಮ, ರಾವಣ ಎಲ್ಲರೂ ಆಮೇಲೆ ಬಂದರು. ಮೂವತ್ತು ಚಿಲ್ಲರೆ ಪುಟದಲ್ಲಿ ಮುಗಿಯಬೇಕಾದ ಕತೆಗೆ ಒಬ್ಬನೇ ರಾವಣ ಸಾಕು. ಅವನ ಹಿಂದುಮುಂದು ವಿಚಾರಿಸಲು ಅಲ್ಲಿ ಜಾಗವಿಲ್ಲ.

ಅಮೆರಿಕದ ಕಾಮಿಕ್ಸಿನವರು ಇದನ್ನೇ ಒಂದು ಜಾಣತನವಾಗಿ ಬಳಸಿಕೊಂಡರು. 1940ರಲ್ಲಿ ಬ್ಯಾಟ್‌ಮನ್ ಎದುರು ಮೊದಲು ಕಾಣಿಸಿಕೊಂಡ ಜೋಕರ್‌ನ ಹುಟ್ಟಿನ ಬಗ್ಗೆ ಒಂದಕ್ಕೊಂದು ಹೊಂದದ ಕತೆಗಳಿವೆ. ಯಾವುದು ನಿಜವೆಂದು ಹೇಳದೆ ಉಳಿಸಿದ್ದರಲ್ಲೇ ಅವನ ಭಯವಿದೆ ಎನ್ನುತ್ತಾರೆ. ರಾವಣನ ವಿಷಯದಲ್ಲಿ ಹಾಗೆ ಕುಳಿತು ಯೋಚಿಸಿದವರು ಯಾರೂ ಇಲ್ಲ. ಅವನ ಹುಟ್ಟು ಹಲವಾಗಿರುವುದು ಅವನ ಕತೆ ಹೇಳಿದವರು ಹಲವರಾಗಿದ್ದರಿಂದ.

ಸಂಸ್ಕೃತದ ಉತ್ತರಕಾಂಡವನ್ನು ಕೇಳಿದರೆ ಅವನದು ದೊಡ್ಡ ಮನೆತನ. ಪುಲಸ್ತ್ಯ ಬ್ರಹ್ಮನ ಮಗ. ಪುಲಸ್ತ್ಯನ ಮಗ ವಿಶ್ರವಸ್ಸು. ಅವನಿಗೆ ಕೈಕಸಿಯಲ್ಲಿ ಹುಟ್ಟಿದವನು ದಶಗ್ರೀವ. ಕುಬೇರ ಅವನ ಮಲ ಅಣ್ಣ. ಲಂಕೆಯೂ ಪುಷ್ಪಕವೂ ಮೊದಲು ಆ ಅಣ್ಣನವು. ಅಂದರೆ ನಮ್ಮ ಕೋರ್ಟುಗಳು ದಿನಾ ನೋಡುವ ಅಣ್ಣತಮ್ಮಂದಿರ ಆಸ್ತಿ ಜಗಳದಿಂದಲೇ ಅವನ ರಾಜ್ಯ ಶುರುವಾಗುತ್ತದೆ. ರಾವಣ ಎಂಬ ಹೆಸರೂ ಹುಟ್ಟುಹೆಸರಲ್ಲ. ಕೈಲಾಸ ಎತ್ತಲು ಹೋಗಿ, ಶಿವ ಕಾಲ್ಬೆರಳೂರಿದಾಗ ಕೈ ಸಿಕ್ಕಿ ಕೂಗಿದ್ದಕ್ಕೆ ಬಂದ ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಬೆಟ್ಟದಡಿ ಬಾಗಿ ನಿಂತ ಅವನನ್ನು ನೋಡಬಹುದು. ಅದೇ ಉತ್ತರಕಾಂಡದಲ್ಲಿ ವೇದವತಿ ಎಂಬ ತಪಸ್ವಿನಿ ಬರುತ್ತಾಳೆ. ರಾವಣ ಅವಳ ಮುಡಿ ಹಿಡಿಯುತ್ತಾನೆ. ನಿನ್ನ ಸಾವಿಗಾಗಿ ಮತ್ತೆ ಹುಟ್ಟುತ್ತೇನೆಂದು ಹೇಳಿ ಅವಳು ಬೆಂಕಿಗೆ ಬೀಳುತ್ತಾಳೆ. ಹಾಗೆ ಹುಟ್ಟಿದವಳೇ ಸೀತೆ. ಇದು ಮೊದಲ ನಂಟು: ಹಳೆಯ ಜನ್ಮದ ಹಗೆ.

ಜೈನ ಕವಿಗಳು ಹಗೆಯನ್ನು ಉಳಿಸಿಕೊಂಡು ಹುಟ್ಟನ್ನೇ ಬದಲಿಸಿದರು. ಒಂಬತ್ತನೆಯ ಶತಮಾನದ ಗುಣಭದ್ರನ ಉತ್ತರಪುರಾಣದಲ್ಲಿ ತಪಸ್ಸು ಕೆಡಿಸಿದ ರಾವಣನ ಮೇಲೆ ಸೇಡು ತೀರಿಸಲು ಮಣಿಮತಿ ಎಂಬವಳು ಅವನ ಮಗಳಾಗಿಯೇ, ಮಂಡೋದರಿಯ ಹೊಟ್ಟೆಯಲ್ಲಿ ಹುಟ್ಟುತ್ತಾಳೆ. ಕೇಡಿನ ಶಕುನವೆಂದು ಕೂಸನ್ನು ಪೆಟ್ಟಿಗೆಯಲ್ಲಿಟ್ಟು ಮಿಥಿಲೆಯ ನೆಲದಲ್ಲಿ ಹೂಳುತ್ತಾರೆ. ಗುಣಭದ್ರನ ಗುರು ಜಿನಸೇನ, ನೃಪತುಂಗನಿಗೂ ಗುರು. ಆದ್ದರಿಂದ ಇದು ನಮಗೆ ದೂರದ ಕತೆಯಲ್ಲ. 978ರ ಚಾವುಂಡರಾಯ ಪುರಾಣ ಇದೇ ದಾರಿ ಹಿಡಿದು ಕನ್ನಡ ಗದ್ಯದಲ್ಲಿ ರಾಮನ ಕತೆ ಹೇಳುತ್ತದೆ.

ಹನ್ನೆರಡನೆಯ ಶತಮಾನದ ಆಚೀಚೆ ಬಂದ ನಾಗಚಂದ್ರ ಬೇರೆ ದಾರಿಯವನು. ಅವನ ರಾಮಚಂದ್ರಚರಿತ ಪುರಾಣದಲ್ಲಿ ರಾಕ್ಷಸ ಎಂಬುದು ವಿದ್ಯಾಧರರ ಒಂದು ವಂಶದ ಹೆಸರಷ್ಟೇ. ಹತ್ತು ತಲೆಯೂ ಇಲ್ಲ. ಕೊರಳ ಹಾರದ ರತ್ನಗಳಲ್ಲಿ ಒಂಬತ್ತು ಮುಖ ಪ್ರತಿಬಿಂಬಿಸಿದ್ದರಿಂದ ದಶಮುಖನೆಂಬ ಹೆಸರು ಎಂದು ಜೈನ ಪರಂಪರೆ ಹೇಳುತ್ತದೆ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಹಿಡಿದ ಈ ರಾವಣ, ರಾಮನಿಗೆ ಕೇಡಾಗುತ್ತದೆಂದು ಕೇಳಿಯೇ ಮೂರ್ಛೆ ಹೋದ ಸೀತೆಯನ್ನು ಕಂಡು ಒಳಗೊಳಗೇ ಕುಸಿಯುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಜನ ಹೇಡಿ ಎನ್ನುತ್ತಾರೆ. ಗೆದ್ದು ಆಮೇಲೆ ಒಪ್ಪಿಸುವೆನೆಂದು ಯುದ್ಧಕ್ಕೆ ಹೊರಡುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಇವನಲ್ಲಿ ದುರಂತ ನಾಯಕನನ್ನು ಕಂಡದ್ದು ಸುಮ್ಮನಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು ಇದು. ವ್ರತ, ಶಾಪ, ಹಿಂದಿನ ಜನ್ಮ, ಮಗಳೆಂಬ ಗುಟ್ಟು, ಇವೆಲ್ಲ ಸುತ್ತುವುದು ಒಂದೇ ಪ್ರಶ್ನೆಯನ್ನು: ಅಷ್ಟು ಕಾಲ ಅಶೋಕವನದಲ್ಲಿಟ್ಟುಕೊಂಡೂ ಅವನು ಅವಳನ್ನು ಏಕೆ ಮುಟ್ಟಲಿಲ್ಲ? ಅವಳನ್ನು ಬೆಂಕಿಗೆ ಕಳಿಸಿದ್ದೂ ಇದೇ ಅನುಮಾನ. ರಾವಣನ ಪೂರ್ವೋತ್ತರ ಬರೆಯುವ ನೆಪದಲ್ಲಿ ಕವಿಗಳು ಸೀತೆಯ ಪರವಾಗಿ ಸಾಕ್ಷಿ ಹುಡುಕುತ್ತಿದ್ದರು. ಅವಳ ಮಾತೊಂದೇ ಸಾಕೆಂದು ಅವರಿಗೂ ಅನ್ನಿಸಲಿಲ್ಲವಲ್ಲ!

ಈ ಸಾಕ್ಷಿಯ ಗೊಡವೆಗೇ ಹೋಗದ ಒಂದು ರಾಮಾಯಣ ನಮ್ಮ ಹಳೆ ಮೈಸೂರಿನ ಕಡೆಯಲ್ಲೇ ಇದೆ. ರಾಮೇಗೌಡ, ಪಿ.ಕೆ. ರಾಜಶೇಖರ, ಎಸ್. ಬಸವಯ್ಯ ಸಂಗ್ರಹಿಸಿ 1973ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಜನಪದ ರಾಮಾಯಣಗಳಲ್ಲಿ ದಲಿತ ಹಾಡುಗಾರನೊಬ್ಬ ಹಾಡಿದ ಕತೆ ಅದು. ಅದರಲ್ಲಿ ರಾವಣ ರಾವುಳ. ಗಂಡಹೆಂಡಿರಿಗೆ ಮಕ್ಕಳಿಲ್ಲ. ಕಾಡಿನಲ್ಲಿ ಜೋಗಿಯ ವೇಷದ ಶಿವ ಒಂದು ಮಾವಿನ ಹಣ್ಣು ಕೊಟ್ಟು, ಹೇಗೆ ಹಂಚಿಕೊಳ್ಳುತ್ತೀಯೆ ಎಂದು ಕೇಳುತ್ತಾನೆ. ತಿರುಳು ಹೆಂಡತಿಗೆ, ನಾನು ಓಟೆ ಚೀಪುತ್ತೇನೆ ಎನ್ನುತ್ತಾನೆ ರಾವುಳ. ಮನೆಗೆ ಬಂದವನು ತಿರುಳು ತಾನು ತಿಂದು ಓಟೆಯನ್ನು ಮಂಡೋದರಿಗೆ ಕೊಡುತ್ತಾನೆ. ಬಸಿರು ಅವನಿಗೇ ನಿಲ್ಲುತ್ತದೆ. ದಿನಕ್ಕೊಂದು ತಿಂಗಳಂತೆ ಬೆಳೆದು, ಒಂಬತ್ತನೆಯ ದಿನ ಸೀನುತ್ತಾನೆ. ಮೂಗಿನಿಂದ ಹೆಣ್ಣು ಕೂಸು ಬೀಳುತ್ತದೆ. ಸೀತದ್ದರಿಂದ ಸೀತೆ. ಸಂಸ್ಕೃತದ ಸೀತೆಗೆ ನೇಗಿಲ ಗೆರೆ ಬೇಕು. ಇಲ್ಲಿ ಮೂಗು ಸಾಕು. ಜೋಯಿಸರ ಮಾತು ಕೇಳಿ ಅವಳನ್ನು ಪೆಟ್ಟಿಗೆಯಲ್ಲಿಟ್ಟು ಜನಕನ ಹೊಲದಲ್ಲಿ ಬಿಡುತ್ತಾರೆ. ಮುಂದೆ ಅವಳ ಸ್ವಯಂವರದಲ್ಲಿ ಬಿಲ್ಲೆತ್ತಲಾರದೆ ಅವಮಾನಪಟ್ಟು ಸೇಡಿನ ಮಾತಾಡುವವನೂ ಅವನೇ.

ಈ ರಾವಣನ ಮೂಲ ಅಪರಾಧ ನೋಡಿ. ಮೂರು ಲೋಕ ಗೆದ್ದದ್ದಲ್ಲ, ಇಂದ್ರನನ್ನು ಸೆರೆ ಹಿಡಿದದ್ದಲ್ಲ. ಹೆಂಡತಿಗೆಂದು ತಂದ ಹಣ್ಣನ್ನು ತಾನು ತಿಂದದ್ದು. ಉಣ್ಣುವಾಗ ಒಳ್ಳೆಯದನ್ನೆಲ್ಲ ಗಂಡನಿಗೆ ಬಡಿಸಿ ಉಳಿದದ್ದನ್ನು ಉಂಡ ಹೆಂಗಸರಿಗೆ ಈ ಕೇಡಿಯ ಗುರುತು ಹತ್ತಲು ಹತ್ತು ತಲೆ ಬೇಕಿಲ್ಲ. ಶಿಕ್ಷೆಯೂ ಅದಕ್ಕೆ ತಕ್ಕದ್ದು: ಹೆಂಡತಿಯ ಪಾಲು ಕಸಿದವನು ಅವಳ ಬೇನೆಯನ್ನೂ ಹೊರಬೇಕಾಯಿತು. ಇಲ್ಲಿ ರಾವಣ ಸೀತೆಗೆ ತಂದೆ ಮಾತ್ರವಲ್ಲ, ಹೆತ್ತವನು.

ಈ ಹಾಡನ್ನು ಜಗತ್ತಿಗೆ ತಿಳಿಸಿದವರು ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್, ಅನಂತ ಪೈ ಹುಟ್ಟಿದ 1929ರಲ್ಲೇ ಹುಟ್ಟಿದವರು. ಮುನ್ನೂರು ರಾಮಾಯಣಗಳನ್ನು ಕುರಿತ ಅವರ ಇಂಗ್ಲಿಷ್ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಇತಿಹಾಸದ ಪಠ್ಯದಿಂದ ತೆಗೆಯಿತು. ಚಿತ್ರಕಥೆಯ ಒಬ್ಬನೇ ರಾವಣನನ್ನು ನೋಡಿ ಬೆಳೆದವರಿಗೆ ಉಳಿದ ರಾವಣರು ಅಪಚಾರವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ತೆಗೆದುಹಾಕಿದ್ದು ಒಬ್ಬ ಪ್ರಾಧ್ಯಾಪಕರ ವಾದವನ್ನಷ್ಟೇ ಅಲ್ಲ. ನಮ್ಮ ಊರಿನ ಹಾಡುಗಾರನೊಬ್ಬ ದೇಶದ ತರಗತಿಯೊಳಗೆ ಕಾಲಿಟ್ಟ ಅಪರೂಪದ ಅವಕಾಶವೂ ಅದರೊಡನೆ ಹೋಯಿತು.

ಕುವೆಂಪು 1949ರ ಶ್ರೀರಾಮಾಯಣ ದರ್ಶನಂನಲ್ಲಿ ನಂಟನ್ನು ಮತ್ತೊಂದು ಸುತ್ತು ತಿರುಗಿಸಿದರು. ಅಲ್ಲಿ ರಾವಣನ ಕನಸಿನಲ್ಲಿ ಸೀತೆ ತಾಯಿ, ಅವನು ಕೂಸು. ಹೊತ್ತು ತಂದವಳನ್ನೇ ತಾಯಿಯೆಂದು ಕಂಡುಕೊಂಡು ಸಾಯಲು ಹೊರಟ ರಾವಣ ಅವನು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಸುಗ್ಗಿ ಮುಗಿದ ಮೇಲೆ ಆಡುವ ಪೌರಾಣಿಕ ನಾಟಕಗಳಲ್ಲಿ ಪಾತ್ರಕ್ಕೆ ಸಂಬಳವಿಲ್ಲ. ಬಣ್ಣ ಹಚ್ಚುವವನೇ ದುಡ್ಡು ಕಟ್ಟಬೇಕು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದಪದ್ಯ ಕಲಿತು, ಬಾಡಿಗೆ ಕಿರೀಟ ತೊಟ್ಟು, ಬೆಳಗಿನ ಜಾವ ಸಾಯಲು ರಂಗಕ್ಕೆ ಬರುತ್ತಾನೆ. ಕುರುಕ್ಷೇತ್ರವಾದರೆ ದುರ್ಯೋಧನನಿಗೆ, ರಾಮಾಯಣವಾದರೆ ರಾವಣನಿಗೆ ಪೈಪೋಟಿ. ಅವನು ಅಬ್ಬರಿಸಿ ಒಳಬಂದಾಗ ಬೀಳುವ ಶಿಳ್ಳೆ ರಾಮನಿಗೆ ಬೀಳುವುದಿಲ್ಲ.