ಕಾರ್ನ್‌ವಾಲಿನ ಒಂದು ಪ್ಯಾರಿಷಿನಲ್ಲಿ ವಂಶಶೋಧನೆ

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ನಾಡು ಕಾರ್ನ್‌ವಾಲ್. ತವರ ಮತ್ತು ತಾಮ್ರದ ಗಣಿಗಳಿಗೆ ಪ್ರಸಿದ್ಧವಾದ ಈ ನಾಡಿನ ಹೆಸರು ಮೈಸೂರಿನವರಿಗೆ ತೀರ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳನ್ನು ತೋಡಿಸಲು ಬಂದ ಮೇಲ್ವಿಚಾರಕರಲ್ಲಿ ಅನೇಕರು ಅಲ್ಲಿಯವರು. ಅಂಥವರ ಪೂರ್ವಿಕರನ್ನು ಅವರ ಹಳೆಯ ಊರಿನಲ್ಲಿ ಹುಡುಕಬೇಕಾದರೆ ಎಲ್ಲಿ ಹುಡುಕಬೇಕು, ಏನು ಸಿಕ್ಕುತ್ತದೆ, ಸಿಕ್ಕಿದುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಈ ಭಾಷಣದ ವಿಷಯ. ಅರಸರ ವಂಶಾವಳಿಯನ್ನು ಶಾಸನಗಳು ಹೇಳುತ್ತವೆ. ನಮ್ಮ ಒಕ್ಕಲು ಮನೆಗಳಿಗೆ ಎತ್ತಿನ ಮೇಲೆ ಕುಳಿತು ಬಂದು ತಲೆತಲಾಂತರದ ಹೆಸರುಗಳನ್ನು ಹೇಳುವ ಹೆಳವನಿದ್ದಾನೆ. ಕಾರ್ನ್‌ವಾಲಿನ ಗಣಿಗಾರನಿಗೆ ಇವೆರಡೂ ಇಲ್ಲ. ಆದರೂ ಅವನ ವಂಶವನ್ನು ಮುನ್ನೂರು ವರ್ಷ ಹಿಂದಕ್ಕೆ ಒಯ್ಯುವುದು ಎಷ್ಟೋ ವೇಳೆ ಸಾಧ್ಯವಾಗಿದೆ.

ಉದಾಹರಣೆಗೆ ಗ್ವೆನ್ನಾಪ್ ಎಂಬ ಪ್ಯಾರಿಷನ್ನು ತೆಗೆದುಕೊಳ್ಳೋಣ. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಒಳಪಟ್ಟ ಕೆಲವು ಹಳ್ಳಿಗಳ ಗುಂಪು. ಬಹುಕಾಲ ಅದು ಧರ್ಮದ ವಿಭಾಗವಾಗಿದ್ದಂತೆಯೇ ಆಡಳಿತದ ವಿಭಾಗವೂ ಆಗಿದ್ದಿತು. ಗ್ವೆನ್ನಾಪ್ ರೆಡ್ರೂತ್ ಪಟ್ಟಣಕ್ಕೆ ಆಗ್ನೇಯದಲ್ಲಿದೆ. ಚರ್ಚಿನ ಗಂಟೆಯ ಗೋಪುರವು ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿರುವುದು ಅಲ್ಲಿಯ ಒಂದು ವಿಶೇಷ. ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೂ ಹತ್ತೊಂಬತ್ತನೆಯದರ ಮೊದಲಲ್ಲಿಯೂ ಪ್ರಪಂಚದ ಬಹು ಶ್ರೀಮಂತವಾದ ತಾಮ್ರದ ನೆಲಗಳಲ್ಲಿ ಇದೊಂದೆಂದು ಹೆಸರಾಗಿದ್ದಿತು. ನೆಲದ ಐಶ್ವರ್ಯ ನೆಲದ ಮೇಲಿದ್ದವರಿಗೆ ಸಿಕ್ಕಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಹುಡುಕುವವನು ಮೊದಲು ಕೈಯಿಡುವುದು ಚರ್ಚಿನ ರಿಜಿಸ್ಟರುಗಳಿಗೆ. ದೊರೆ ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿಯೊಂದು ಪ್ಯಾರಿಷಿನಲ್ಲಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡತಕ್ಕದ್ದೆಂದು ಆಜ್ಞಾಪಿಸಿದನು. ಇದರ ಹಿಂದೆ ಹೊಸ ತೆರಿಗೆಯೊಂದು ಅಡಗಿದೆಯೆಂದು ಜನ ಆಗಲೇ ಶಂಕಿಸಿದರು. ಕಾಗದದಲ್ಲಿ ಬರೆದಿದ್ದುದನ್ನು ತೊಗಲ ಹಾಳೆಗಳಿಗೆ ಎತ್ತಿ ಬರೆಯಬೇಕೆಂದು 1598ರಲ್ಲಿ ಮತ್ತೊಂದು ಅಪ್ಪಣೆಯಾಯಿತು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ಮುಂದಕ್ಕೆ ಬರೆದರೆ ಸಾಕೆಂಬ ಅವಕಾಶವೂ ಅದರಲ್ಲಿದ್ದಿತು. ಎಷ್ಟೋ ಪ್ಯಾರಿಷುಗಳ ದಾಖಲೆ 1558ರಿಂದಲೇ ಮೊದಲಾಗುವುದಕ್ಕೆ ಇದು ಕಾರಣ. ಸೋಮಾರಿಯಾದ ಗುಮಾಸ್ತನಿಗೆ ದೊರೆತ ಇಂಥ ಒಂದು ರಿಯಾಯಿತಿಯಿಂದ ಇಪ್ಪತ್ತು ವರ್ಷಗಳ ಜನ ಅಳಿಸಿಹೋದರು.

ಈ ಪುಸ್ತಕಗಳು ಹೇಳುವುದು ಅತಿ ಸ್ವಲ್ಪ. ಹಳೆಯ ನಮೂದುಗಳಲ್ಲಿ ಮಗುವಿನ ಹೆಸರೂ ತಂದೆಯ ಹೆಸರೂ ಇರುತ್ತವೆ. ತಾಯಿಯ ಹೆಸರು ಅನೇಕ ಕಡೆ ಇರುವುದೇ ಇಲ್ಲ. 1733ರವರೆಗೆ ಲ್ಯಾಟಿನ್ನಿನಲ್ಲಿ ಬರೆದುದೂ ಉಂಟು. 1752ಕ್ಕೆ ಮುಂಚೆ ವರ್ಷ ಮಾರ್ಚಿ 25ಕ್ಕೆ ಮೊದಲಾಗುತ್ತಿದ್ದುದರಿಂದ ಅಜಾಗರೂಕನಾದ ಶೋಧಕನು ಫೆಬ್ರವರಿಯಲ್ಲಿ ಹುಟ್ಟಿದವನನ್ನು ಒಂದು ವರ್ಷ ಮೊದಲೇ ಹುಟ್ಟಿಸಿಬಿಡುತ್ತಾನೆ. 1754ರಿಂದ ಜಾರಿಗೆ ಬಂದ ವಿವಾಹದ ಕಾನೂನಿನ ಮೇರೆಗೆ ವಧೂವರರು ರುಜುಮಾಡಬೇಕಾಯಿತು. ಬರೆಯಲಾರದವರು ಗೀಟು ಹಾಕಿದರು. ಗಣಿಗಾರನೊಬ್ಬನ ಕೈಯ ಗುರುತು ನಮಗೆ ಕಾಣಸಿಕ್ಕುವುದು ಇಲ್ಲಿಯೇ. 1783ರಲ್ಲಿ ಪ್ರತಿಯೊಂದು ನಮೂದಿಗೂ ಮೂರು ಪೆನ್ಸು ತೆರಿಗೆ ಹಾಕಿ, ಬಡವರಿಗೆ ಮಾತ್ರ ಮಾಫಿಮಾಡಿದರು. 1794ರಲ್ಲಿ ಅದು ರದ್ದಾಗುವವರೆಗೆ, ರಿಜಿಸ್ಟರಿನಲ್ಲಿ ‘ಬಡವ’ ಎಂಬ ಗುರುತನ್ನು ಕಂಡರೆ ಅದು ನಿಜವಾದ ಬಡತನವೋ ಮೂರು ಪೆನ್ಸಿನ ಉಳಿತಾಯವೋ ಎಂದು ಯೋಚಿಸತಕ್ಕದ್ದು. 1813ರಿಂದ ಅಚ್ಚಾದ ನಮೂನೆಗಳು ಬಂದುವು. ತಂದೆಯ ಕಸುಬೂ ವಾಸಸ್ಥಳವೂ ಸತ್ತವನ ವಯಸ್ಸೂ ಆಗ ತಿಳಿಯತೊಡಗಿದುವು.

ಹೆಸರುಗಳ ತೊಡಕು ಕಾರ್ನ್‌ವಾಲಿನಲ್ಲಿ ಹೆಚ್ಚು. ಅಲ್ಲಿಯ ಪುರಾತನ ಭಾಷೆ ಇಂಗ್ಲಿಷಲ್ಲ, ವೇಲ್ಸಿನ ಭಾಷೆಗೆ ಸೋದರಿಯಾದ ಕಾರ್ನಿಷ್. ಅದರಲ್ಲಿ ‘ಟ್ರೆ’ ಎಂದರೆ ವಾಸದ ಠಾವು, ‘ಪೊಲ್’ ಎಂದರೆ ಮಡು, ‘ಪೆನ್’ ಎಂದರೆ ತಲೆ ಅಥವಾ ಕೊನೆ. ಈ ಮೂರರಿಂದ ಮೊದಲಾಗುವ ಮನೆತನದ ಹೆಸರುಗಳೆಲ್ಲ ಮೂಲದಲ್ಲಿ ಸ್ಥಳದ ಹೆಸರುಗಳೇ. ನಮ್ಮವರು ಊರ ಹೆಸರನ್ನು ತಮ್ಮ ಹೆಸರಿನ ಹಿಂದೆ ಹಚ್ಚಿಕೊಳ್ಳುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಪಶ್ಚಿಮ ಕಾರ್ನ್‌ವಾಲಿನಲ್ಲಿ ಹದಿನಾರನೆಯ ಶತಮಾನದಲ್ಲಿಯೂ ಮನೆತನದ ಹೆಸರು ಸ್ಥಿರವಾಗಿರಲಿಲ್ಲ. ತಂದೆಯ ಹೆಸರೇ ಮಗನ ಕೊನೆಯ ಹೆಸರಾಗುತ್ತಿದ್ದಿತು. ಒಂದು ಹೊಲಮನೆಯಿಂದ ಇನ್ನೊಂದಕ್ಕೆ ಹೋದವನು ಹೊಸ ಸ್ಥಳದ ಹೆಸರನ್ನು ತಾಳುತ್ತಿದ್ದನು. ಒಬ್ಬನಿಗೇ ಎರಡು ಹೆಸರನ್ನು ‘ಉರುಫ್’ ಎಂಬಂತೆ ಜೋಡಿಸಿ ಬರೆದ ನಮೂದುಗಳು ಇದಕ್ಕೆ ಸಾಕ್ಷಿ. ಸಾಲದುದಕ್ಕೆ ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆಲ್ಲ ಇಡುವ ವಾಡಿಕೆ. ಒಂದೇ ಪ್ಯಾರಿಷಿನಲ್ಲಿ ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ನಾಲ್ವರು ದಾಯಾದಿಗಳಿದ್ದರೆ ಯಾವನು ನಮ್ಮವನೆಂದು ರಿಜಿಸ್ಟರು ಹೇಳುವುದಿಲ್ಲ. ಇಲ್ಲಿ ಆತುರಪಟ್ಟವನು ಅನ್ಯರ ಪೂರ್ವಿಕರಿಗೆ ಶ್ರಾದ್ಧ ಮಾಡಿದಂತಾಗುತ್ತದೆ.

ಇದಲ್ಲದೆ ಜನರಲ್ಲಿ ಬಹುಭಾಗ ಚರ್ಚಿನಿಂದ ದೂರ ಸರಿದರು. ಜಾನ್ ವೆಸ್ಲಿ 1762ರಲ್ಲಿ ಬಿರುಗಾಳಿಯ ದೆಸೆಯಿಂದ ಬಯಲನ್ನು ಬಿಟ್ಟು ಗ್ವೆನ್ನಾಪಿನ ಒಂದು ದೊಡ್ಡ ಕುಳಿಯಲ್ಲಿ ನಿಂತು ಉಪದೇಶಮಾಡಿದನು. 1789ರವರೆಗೆ ಹದಿನೆಂಟು ಸಲ ಅಲ್ಲಿಗೆ ಬಂದನು. ಈಗ ಮೆಟ್ಟಿಲು ಮೆಟ್ಟಿಲಾಗಿ ಹುಲ್ಲು ಬೆಳೆದಿರುವ ಆ ಕುಳಿಯನ್ನು ಹಾಗೆ ರೂಪಿಸಿದುದು 1806ರಲ್ಲಿ. ಗಣಿಗಾರರು ಗುಂಪುಗುಂಪಾಗಿ ಮೆಥಡಿಸ್ಟರಾದರು. ಅವರಲ್ಲಿ ಅನೇಕರ ಮಕ್ಕಳ ದೀಕ್ಷಾಸ್ನಾನವನ್ನು ಬರೆದಿರುವುದು ಹತ್ತಾರು ಊರುಗಳಿಗೆ ಸೇರಿದ ಮೆಥಡಿಸ್ಟ್ ಪುಸ್ತಕಗಳಲ್ಲಿ. ಅವುಗಳಲ್ಲಿ ಬಹಳಷ್ಟು 1837ರ ತರುವಾಯ ಲಂಡನ್ನಿಗೆ ಹೋದುವು. ಚರ್ಚಿನಲ್ಲಿ ಹೆಸರಿಲ್ಲವೆಂದು ಮಗು ಹುಟ್ಟಲೇ ಇಲ್ಲವೆಂದು ತೀರ್ಮಾನಿಸಬಾರದು.

ಇಷ್ಟರಿಂದ ದೊರೆಯುವುದು ವಂಶದ ಎಲುಬಿನ ಗೂಡು. ಅದಕ್ಕೆ ಮಾಂಸವನ್ನು ತುಂಬುವ ದಾಖಲೆಗಳು ಬೇರೆ ಇವೆ. ಅವುಗಳನ್ನು ಬರೆಸಿದವರಿಗೆ ಬಡವರ ಮೇಲೆ ಪ್ರೀತಿಯಿರಲಿಲ್ಲ, ಖರ್ಚಿನ ಭಯವಿದ್ದಿತು. ನಮ್ಮ ಮುಖ್ಯವಾದ ಮಾತು ಇದೇ.

ಬಡವರನ್ನು ಸಾಕುವ ಹೊಣೆ ಆಯಾ ಪ್ಯಾರಿಷಿನದು. ಆದುದರಿಂದ ಯಾವ ಬಡವನು ಯಾವ ಪ್ಯಾರಿಷಿಗೆ ಸೇರಿದವನು ಎಂಬ ನೆಲೆಯ ಹಕ್ಕನ್ನು 1662ರ ಕಾನೂನು ಗೊತ್ತುಮಾಡಿತು. ಹೊರಗಿನಿಂದ ಬಂದವನು ಕಾಯಿಲೆ ಬಿದ್ದರೆ ಅಥವಾ ಕೆಲಸ ಕಳೆದುಕೊಂಡರೆ ಅವನನ್ನು ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಪ್ರಶ್ನೆಮಾಡುತ್ತಿದ್ದರು. ಎಲ್ಲಿ ಹುಟ್ಟಿದೆ? ತಂದೆಯ ನೆಲೆ ಯಾವುದು? ಯಾರ ಬಳಿ ಕಸುಬು ಕಲಿತೆ? ಮದುವೆಗೆ ಮುಂಚೆ ಯಾವ ಯಜಮಾನನ ಹತ್ತಿರ ಪೂರಾ ಒಂದು ವರ್ಷ ಸಂಬಳಕ್ಕಿದ್ದೆ? ವರ್ಷಕ್ಕೆ 10 ಪೌಂಡು ಬಾಡಿಗೆಯ ಮನೆಯನ್ನೋ ನೆಲವನ್ನೋ ಹಿಡಿದಿದ್ದೆಯೋ? ಮದುವೆ ಎಲ್ಲಿ, ಮಕ್ಕಳೆಷ್ಟು, ಅವರ ವಯಸ್ಸೇನು? ಅವನು ಹೇಳಿದುದನ್ನೆಲ್ಲ ಗುಮಾಸ್ತನು ಬರೆದುಕೊಳ್ಳುತ್ತಿದ್ದನು. ಅವನನ್ನು ಊರಿನಿಂದ ಹೊರಡಿಸುವುದೇ ವಿಚಾರಣೆಯ ಗುರಿ. ಆದರೆ ಹೊರಡಿಸಬೇಕೆಂಬ ಆತುರದಲ್ಲಿ ಅವನ ಜೀವನಚರಿತ್ರೆಯನ್ನು ಒಂದು ಹಾಳೆಯ ಮೇಲೆ ಉಳಿಸಿಬಿಟ್ಟರು. ಸ್ವಂತ ಕಾಲಮೇಲೆ ನಿಂತು ಯಾರ ಬಾಗಿಲಿಗೂ ಹೋಗದೆ ಬಾಳಿದ ನೆರೆಯವನ ವಿಷಯವಾಗಿ ಇಷ್ಟು ಕೂಡ ಗೊತ್ತಾಗುವುದಿಲ್ಲ. ಮದುವೆಯಾದ ಹೆಂಗಸಿಗೆ ಗಂಡನ ನೆಲೆಯೇ ನೆಲೆ. ವಿಧವೆಯಾದವಳನ್ನು ಅವಳು ಕಣ್ಣಿನಿಂದಲೂ ನೋಡದ ಗಂಡನ ಪ್ಯಾರಿಷಿಗೆ ಮಕ್ಕಳ ಸಮೇತ ಸಾಗಿಸಬಹುದಾಗಿದ್ದಿತು. ಇಂಥ ಆಜ್ಞೆಯ ಕಾಗದವು ಶೋಧಕನಿಗೆ ನಿಧಿ ಸಿಕ್ಕಿದಷ್ಟು ಸಂತೋಷ ಕೊಡುತ್ತದೆ. ಆ ಕಾಗದ ಹೊರಟ ದಿನ ಆ ಹೆಂಗಸಿಗೆ ಏನಾಯಿತೆಂಬುದನ್ನೂ ಅವನು ಒಂದು ಗಳಿಗೆ ನೆನೆಯುವುದು ಒಳ್ಳೆಯದು.

ಎರಡನೆಯ ದಾಖಲೆ ಮೂರು ಜೀವಗಳ ಗುತ್ತಿಗೆ. ಇದು ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ, ಅದರಲ್ಲಿಯೂ ಕಾರ್ನ್‌ವಾಲಿನಲ್ಲಿ ಬಹಳವಾಗಿ ನಡೆಯುತ್ತಿದ್ದ ಪದ್ಧತಿ. ಗಣಿಗಾರನು ಜಮೀನ್ದಾರನಿಂದ ಒಂದು ತುಂಡು ಬಂಜರು ನೆಲವನ್ನು ಪಡೆದು, ಸ್ವಂತ ಖರ್ಚಿನಿಂದ ಗುಡಿಸಲನ್ನು ಕಟ್ಟಿ, ಕಲ್ಲು ಕಿತ್ತು ಸಾಗುವಳಿ ಮಾಡುವನು. ಗುತ್ತಿಗೆಯ ಪತ್ರದಲ್ಲಿ 99 ವರ್ಷವೆಂದು ಬರೆದಿರುವುದು. ಆದರೆ ಅದರಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವನು ಸತ್ತ ದಿನವೇ ಗುತ್ತಿಗೆ ಮುಗಿಯಿತು. ಮನೆಯೂ ಹೊಲವೂ ಕಟ್ಟಿದವನಿಗೆ ಒಂದು ಕಾಸೂ ಇಲ್ಲದೆ ಜಮೀನ್ದಾರನಿಗೆ ಸೇರಿದುವು. ಒಂದು ಜೀವ ಹೋದಾಗ ಹಣ ಕೊಟ್ಟು ಬೇರೊಂದು ಜೀವವನ್ನು ಸೇರಿಸಿಕೊಳ್ಳುವುದೂ ಉಂಟು, ಶಕ್ತಿಯಿದ್ದರೆ. ಯಾರು ಬಹಳ ಕಾಲ ಬದುಕಿಯಾರೆಂದು ಲೆಕ್ಕಹಾಕಿ ತಂದೆಯು ತನ್ನ ಎಳೆಯ ಮಕ್ಕಳನ್ನೇ ಹೆಸರಿಸುವುದು ವಾಡಿಕೆ. ಹೀಗೆ ಒಂದು ಪತ್ರದಲ್ಲಿ ತಂದೆಯೂ ಇಬ್ಬರು ಮಕ್ಕಳೂ ವಯಸ್ಸುಗಳೊಡನೆ ನಿಂತಿರುತ್ತಾರೆ. ಅದರ ಅಂಚಿನಲ್ಲಿ ಪಾರುಪತ್ಯಗಾರನು ‘ಸತ್ತ’ ಎಂದು ಗುರುತುಮಾಡಿರುತ್ತಾನೆ. ಸಿಡುಬಿನ, ಕ್ಷಯದ, ಗಣಿಯ ಅಪಘಾತಗಳ ಆ ಕಾಲದಲ್ಲಿ ಮಗುವಿನ ಉಸಿರಿಗೆ ಮನೆಯ ಸೂರನ್ನು ಕಟ್ಟಿಹಾಕಿದ ಈ ಪದ್ಧತಿಗೆ ಏನೆನ್ನಬೇಕೋ ನಮಗೆ ತಿಳಿಯದು.

ಇವಕ್ಕೆ ಕೂಡಿಸಿ ನೋಡತಕ್ಕವು ಇನ್ನೂ ಕೆಲವುಂಟು. 1837ರ ಜುಲೈ 1ರಿಂದ ಸರ್ಕಾರದ ಜನನ ಮರಣ ದಾಖಲೆ, 1841ರಿಂದ ಹೆಸರು ಸಹಿತವಾದ ಖಾನೇಷುಮಾರಿ. ಅದರಲ್ಲಿ 1851ರದು ಬಹಳ ಉಪಯುಕ್ತ. ಪ್ರತಿಯೊಬ್ಬನೂ ಹುಟ್ಟಿದ ಪ್ಯಾರಿಷನ್ನು ಅದು ಕೇಳುತ್ತದೆ. ಗಣಿಯ ಮೇಲ್ಭಾಗದಲ್ಲಿ ಸುತ್ತಿಗೆಯಿಂದ ಅದಿರನ್ನು ಒಡೆಯುತ್ತಿದ್ದ ಹುಡುಗಿಯರ ಮಾತುಗಳನ್ನು ಕೇಳಬೇಕೆನ್ನುವವರು ಮಕ್ಕಳ ದುಡಿಮೆಯನ್ನು ವಿಚಾರಿಸಿದ 1842ರ ರಾಜನಿಯೋಗದ ವರದಿಯಲ್ಲಿ ಡಾಕ್ಟರ್ ಚಾರ್ಲ್ಸ್ ಬಾರ್ಹಮ್ ಬರೆದ ಭಾಗವನ್ನು ನೋಡಬೇಕು. ಉಯಿಲುಗಳ ಕಥೆ ಅರ್ಧ ದುಃಖದ್ದು. ಕಾರ್ನ್‌ವಾಲಿನ ಆರ್ಚ್‌ಡೀಕನನ ನ್ಯಾಯಸ್ಥಾನದ ಉಯಿಲುಗಳು ಉಳಿದಿವೆ. ಎಕ್ಸೆಟರ್ ನಗರದಲ್ಲಿದ್ದ ಬಿಷಪ್ಪನ ನ್ಯಾಯಸ್ಥಾನದವು 1942ರ ಮೇ ತಿಂಗಳ ಬಾಂಬಿನ ದಾಳಿಯಲ್ಲಿ ಸುಟ್ಟುಹೋದುವು. ಈಗ ಕಾರ್ನ್‌ವಾಲಿನ ಹಳೆಯ ಕಾಗದಪತ್ರಗಳು ರೆಡ್ರೂತಿನಲ್ಲಿ ಹಿಂದಿನ ಒಂದು ಮದ್ಯದ ಕಾರ್ಖಾನೆಯ ಕಟ್ಟಡದಲ್ಲಿ 2019ರಲ್ಲಿ ತೆರೆದ ಕ್ರೆಸೆನ್ ಕೆರ್ನೋ ಎಂಬ ಭಂಡಾರದಲ್ಲಿವೆ. ಗ್ವೆನ್ನಾಪಿನಿಂದ ಅದು ಕೆಲವೇ ಮೈಲಿ.

ಆದರೆ 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಜಾಡು ಊರಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಮುಂಚೆಯೇ ಮೆಕ್ಸಿಕೊ ದೇಶದ ಬೆಳ್ಳಿಯ ಗಣಿಗಳಿಗೂ ದಕ್ಷಿಣ ಆಸ್ಟ್ರೇಲಿಯದ ಬುರ್ರಾಕ್ಕೂ ಅಮೆರಿಕದ ಮಿಷಿಗನ್ನಿಗೂ ಜನ ಹೊರಟಿದ್ದರು. ಈಗ ಮನೆಮನೆಯಿಂದ ಹೊರಟರು. ಗಂಡನಿರುವ, ಆದರೆ ಗಂಡನಿಲ್ಲದ ಮನೆಯಲ್ಲಿ ಹೆಂಡತಿಯೇ ಯಜಮಾನಿಯಾಗಿ ಜನಗಣತಿಯ ಪಟ್ಟಿಯಲ್ಲಿ ಬರೆಸಿಕೊಂಡಿರುವುದನ್ನು ಗಣಿಯ ಪ್ಯಾರಿಷುಗಳಲ್ಲಿ ಬೇಕಾದಷ್ಟು ಕಾಣಬಹುದು. ಇಲ್ಲಿ ಮೂರು ಜೀವಗಳ ಗುತ್ತಿಗೆ ಮತ್ತೆ ತಲೆಹಾಕುತ್ತದೆ. 1666ರ ಒಂದು ಕಾನೂನಿನ ಪ್ರಕಾರ, ಗುತ್ತಿಗೆಗೆ ಆಧಾರವಾದ ವ್ಯಕ್ತಿಯು ಸಮುದ್ರದಾಚೆ ಹೋಗಿ ಏಳು ವರ್ಷ ಕಳೆದು, ಅವನು ಬದುಕಿರುವನೆಂಬುದಕ್ಕೆ ತಕ್ಕ ಸಾಕ್ಷ್ಯವಿಲ್ಲದಿದ್ದರೆ ಅವನನ್ನು ಸತ್ತವನೆಂದೇ ಎಣಿಸತಕ್ಕದ್ದು. ಮುಂದೆ ಅವನು ಬದುಕಿರುವುದು ರುಜುವಾತಾದರೆ ಆಸ್ತಿಯನ್ನು ಹಿಂದಕ್ಕೆ ಪಡೆಯಬಹುದು. ಕೊನೆಯ ಜೀವವಾಗಿ ಉಳಿದ ಮಗನು ಪರದೇಶದಲ್ಲಿರುವಾಗ ಅವನು ತಾಯಿಗೆ ಬರೆದ ಕಾಗದವು ಕ್ಷೇಮಸಮಾಚಾರವಷ್ಟೇ ಆಗಿರಲಿಲ್ಲ. ಅವಳ ತಲೆಯ ಮೇಲಣ ಸೂರಿಗೆ ಪ್ರಮಾಣಪತ್ರವೂ ಆಗಿದ್ದಿತು.

ಈ ಜಾಡುಗಳಲ್ಲೊಂದು ನಮ್ಮ ಸೀಮೆಗೆ ಬರುತ್ತದೆ. ಗ್ವೆನ್ನಾಪಿನ ಕನ್ಸಾಲಿಡೇಟೆಡ್ ಗಣಿಗಳನ್ನು 1819ರಿಂದ ನಡೆಸಿದವನು ಜಾನ್ ಟೇಲರ್. ಅವನ ಹೆಸರಿನ ಸಂಸ್ಥೆಯೇ, ಅವನು ತೀರಿಕೊಂಡ ಬಹುಕಾಲದ ಮೇಲೆ, 1880ರಲ್ಲಿ ಹುಟ್ಟಿದ ಮೈಸೂರು ಚಿನ್ನದ ಗಣಿ ಕಂಪೆನಿಯ ಆಡಳಿತವನ್ನು ವಹಿಸಿಕೊಂಡಿತು. ಗಣಿಯ ಮೇಲ್ವಿಚಾರಕನನ್ನು ‘ಕ್ಯಾಪ್ಟನ್’ ಎಂದು ಕರೆಯುವ ಕಾರ್ನಿಷ್ ವಾಡಿಕೆ ಆ ಜನರೊಂದಿಗೆ ಕೋಲಾರಕ್ಕೂ ಬಂದಿತು. ಇಲ್ಲಿ ಸತ್ತು ಚಾಪ್ಲಿನ್ನರ ಕೈಯಿಂದ ಮಣ್ಣು ಪಡೆದವರ ನಮೂದುಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದುವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದೇ ಗಣಿಗಳಲ್ಲಿ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದು ದುಡಿದು ಮಡಿದ ಕೂಲಿಗಾರರಲ್ಲಿ ಬಹುಮಂದಿ ಆ ಪುಸ್ತಕಗಳಿಗೆ ಸೇರಿದವರಲ್ಲ. ಅವರ ಮೊಮ್ಮಕ್ಕಳು ಎಲ್ಲಿ ಹುಡುಕಬೇಕೆಂಬುದು ಬೇರೊಂದು ಭಾಷಣಕ್ಕೆ ತಕ್ಕ ವಿಷಯ.

ಅಂಥ ಶವಸಂಸ್ಕಾರದ ನಮೂದಿನಲ್ಲಿ ಹೆಸರು, ವಯಸ್ಸು, ಕಸುಬು, ದಿನಾಂಕಗಳಿರುತ್ತವೆ. ಹುಟ್ಟಿದ ಪ್ಯಾರಿಷಿನ ಸುದ್ದಿಯಿಲ್ಲ. ಹಾಗಾದರೆ ಕೋಲಾರದಲ್ಲಿ ಸತ್ತವನೂ ಗ್ವೆನ್ನಾಪಿನಲ್ಲಿ ಹುಟ್ಟಿದವನೂ ಒಬ್ಬನೇ ಎಂದು ಹೇಳುವುದು ಹೇಗೆ? ಸ್ವಲ್ಪ ಹಣ ಬಿಟ್ಟು ಸತ್ತಿದ್ದರೆ, 1858ರಿಂದ ಅಚ್ಚಾಗುತ್ತ ಬಂದ ಇಂಗ್ಲೆಂಡಿನ ಉಯಿಲುಗಳ ವಾರ್ಷಿಕ ಪಟ್ಟಿಯನ್ನು ನೋಡಬೇಕು. ಎಲ್ಲಿಯವನು, ಎಲ್ಲಿ ಸತ್ತನು ಎಂಬುದು ಅಲ್ಲಿ ಒಂದೇ ನಮೂದಿನಲ್ಲಿ ಸಿಕ್ಕುವ ಸಂಭವವುಂಟು. ಹಣ ಬಿಡದೆ ಸತ್ತಿದ್ದರೆ ಊರ ಚರ್ಚಿನ ಅಂಗಳಕ್ಕೇ ಹೋಗಬೇಕು. ಕಾರ್ನ್‌ವಾಲಿನವರು ತಾಯಿತಂದೆಗಳ ಸಮಾಧಿಯ ಕಲ್ಲಿನ ಮೇಲೆ, ಅವರ ಹೆಸರುಗಳ ಕೆಳಗೆ, ದೂರದೇಶದಲ್ಲಿ ಸತ್ತ ಮಗನ ಹೆಸರನ್ನೂ ಅವನು ಸತ್ತ ಸ್ಥಳವನ್ನೂ ಕೆತ್ತಿಸುತ್ತಿದ್ದರು. ಆ ಕಲ್ಲಿನ ಕೆಳಗೆ ಮಗನಿಲ್ಲ.